ಸೀನು ಬಾರದ ಸಂಜೆ

ಪಂಚಾಕ್ಷರಿಯ ಆ ದಿನದ ಪಾಡಿಗೆಲ್ಲ ಕಾರಣ ಒಂದು ಅರ್ಜಿ. ಅದು ತಿರಸ್ಕೃತವಾಗಿದ್ದರೆ ಅವನು ಎಂದಿನಂತೆ ಸರ್ಕಾರವನ್ನು ಬೈದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಅದು ಮಂಜೂರಾಗಿಬಿಟ್ಟಿತು. ಹದಿನಾಲ್ಕು ವರ್ಷ ಗುಮಾಸ್ತಗಿರಿ ಮಾಡಿ, ಊರವರ ಅರ್ಜಿಗಳಿಗೆ ಗೆದ್ದಲು ಹಿಡಿಯುವುದನ್ನು ಕಣ್ಣಾರೆ ಕಂಡವನಿಗೆ, ತನ್ನ ಅರ್ಜಿ ಮೂರೇ ದಿನದಲ್ಲಿ ಸೀಲು ಹೊತ್ತು ಬಂದಾಗಲೇ ಅನುಮಾನ ಬರಬೇಕಿತ್ತು.

ಅರ್ಜಿಯಲ್ಲಿದ್ದದ್ದು ಇಷ್ಟೆ: ರಾಜಾಜಿನಗರ ಐದನೇ ಬ್ಲಾಕಿನ ಮುನಿಲಕ್ಷ್ಮಮ್ಮನವರ ವಠಾರದಲ್ಲಿ ವಾಸವಾಗಿರುವ ತನಗೆ ಯಾವ ಘಾಟೂ ಒಗ್ಗುವುದಿಲ್ಲವಾದ್ದರಿಂದ, ಮಲೇರಿಯಾದವರು ಸೊಳ್ಳೆ ಔಷಧಿ ಹೊಡೆಯಲು ಬಂದಾಗ ತನ್ನ ಮನೆಯೊಂದನ್ನು ಬಿಟ್ಟು ಮುಂದೆ ಹೋಗಬೇಕೆಂದು ಪ್ರಾರ್ಥನೆ. ಜೊತೆಗೆ ಡಾಕ್ಟರ ಚೀಟಿ. ಹೋದ ವರ್ಷ ಅವರು ಡಿ.ಡಿ.ಟಿ. ಹೊಡೆದು ಹೋದ ಮೇಲೆ ಪಂಚಾಕ್ಷರಿ ನಾಲ್ಕು ದಿನ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತೇ ಉಸಿರಾಡಿದ್ದ.

ಅವನ ಮೂಗು ಅಂಥದು. ಅಂದಿನಿಂದ ಮನೆಯ ಒಂದೊಂದೇ ವಸ್ತು ಗಡೀಪಾರಾಯಿತು. ಮೊದಲು ಫಿನಾಯಿಲು, ಆಮೇಲೆ ಟ್ರಂಕಿನ ನುಸಿಗುಳಿಗೆ, ಆಮೇಲೆ ಸೀಮೆಎಣ್ಣೆ ಸ್ಟೌ. ನೆಲ ಒರೆಸಲು ಉಪ್ಪು ಹಾಕಿದ ಬಿಸಿನೀರು, ಬಟ್ಟೆಗೆ ಅಂಟುವಾಳ, ರೇಷ್ಮೆ ಸೀರೆಗಳ ನಡುವೆ ಬೇವಿನೆಲೆ. ಬೆಳಗಿನ ಪೇಪರನ್ನೂ ಮಸಿಯ ವಾಸನೆ ಹೋಗುವವರೆಗೆ ಬಟ್ಟೆಯ ತಂತಿಗೆ ಒಣಹಾಕುತ್ತಿದ್ದ. ಹೀಗಾಗಿ ಲೋಕದ ಸುದ್ದಿ ಅವನಿಗೆ ಸಂಜೆಯ ಮೇಲೆಯೇ ತಿಳಿಯುತ್ತಿತ್ತು.

ಹೆಂಡತಿ ಜಗದಾಂಬಾ ಇಷ್ಟನ್ನೂ ಸಹಿಸಿದಳು. ಪೌಡರು ಬಿಟ್ಟಳು, ಮುಡಿಗೆ ಮಲ್ಲಿಗೆ ಬಿಟ್ಟಳು. ಆದರೆ ದೇವರ ಮುಂದೆ ಊದುಬತ್ತಿಯೂ ಬೇಡ ಎಂದು ಅವನು ಹೇಳಿದ ದಿನ, "ನನ್ನ ಶಿವನಿಗೂ ನಿಮ್ಮ ಮೂಗಿನ ಪರ್ಮಿಷನ್ ಬೇಕೇನ್ರೀ?" ಎಂದು ಕೇಳಿ, ಹೊಸಹಳ್ಳಿಯ ತವರಿಗೆ ಹೊರಟುಹೋದಳು. ಅದಾಗಿ ಮೂರು ತಿಂಗಳು. ನಡುವೆ ಒಮ್ಮೆ ಮನಸ್ಸು ಕರಗಿ, ಹಬ್ಬದ ಹೂ ಮುಡಿದುಕೊಂಡೇ ಬಂದಿದ್ದಳು. ಪಂಚಾಕ್ಷರಿ ಬಾಗಿಲಲ್ಲಿ ಅವಳನ್ನು ಹನ್ನೊಂದು ಸೀನುಗಳಿಂದ ಬರಮಾಡಿಕೊಂಡ. ಅವಳು ಹನ್ನೊಂದನ್ನೂ ನಿಂತು ಎಣಿಸಿ, ಬಂದ ಆಟೋದಲ್ಲೇ ವಾಪಸ್ಸಾದಳು.

ಈಗ ಅವಳ ಕಾರ್ಡು ಬಂದಿತ್ತು. "ಮಂಗಳವಾರ ಸಂಜೆ ಐದಕ್ಕೆ ಬರುತ್ತೇನೆ. ಒಂದು ತೀರ್ಮಾನ ಹೇಳುವುದಿದೆ." ತೀರ್ಮಾನ ಎಂಬ ಮಾತನ್ನು ಅವನು ಹತ್ತು ಸಲ ಓದಿದ. ಅವಳಿಲ್ಲದ ಮನೆ ಅವನಿಗೆ ಸಾಕುಸಾಕಾಗಿತ್ತು. ಅಂದು ಆಕಾಶವೇ ಕಳಚಿ ಬೀಳಲಿ, ಅವಳ ಮುಂದೆ ಒಂದೇ ಒಂದು ಸೀನೂ ಬರಬಾರದು ಎಂದು ನಿಶ್ಚಯಿಸಿದ. ಆಫೀಸಿಗೆ ರಜ ಹಾಕಿ, ಬೆಳಗ್ಗೆ ಆರಕ್ಕೇ ಎದ್ದು ಇಡೀ ಮನೆಯನ್ನು ಬಿಸಿನೀರಿನಲ್ಲಿ ಒರೆಸಿದ. ಎಂಟು ಗಂಟೆಗೆ ಮನೆ ಕನ್ನಡಿಯಂತೆ ಹೊಳೆಯುತ್ತಿತ್ತು, ಯಾವ ವಾಸನೆಯೂ ಇರಲಿಲ್ಲ.

ಎಂಟೂ ಕಾಲಿಗೆ ಮಲೇರಿಯಾದವರು ಬಂದರು.

"ಯಾರ್ರೀ ಇಲ್ಲಿ ಪಂಚಾಕ್ಷರಿ ಅನ್ನೋರು?" ಮೇಸ್ತ್ರಿ ಉಗ್ರಪ್ಪ ಅಂಗಳದಲ್ಲಿ ನಿಂತು ಕೂಗಿದ. ಅವನ ಹಿಂದೆ ಇಬ್ಬರು ಪಂಪು ಹಿಡಿದು ನಿಂತಿದ್ದರು.

"ನಾನೇ ಸಾರ್."

"ನಿಮ್ಮ ಮನೆ ಬಿಡಬೇಕು ಅಂತ ಆರ್ಡರ್ ಆಗಿದೆ. ಮಿಕ್ಕ ಐದು ಮನೆಯೋರು ಕೇಳಿಸ್ಕೊಳ್ಳಿ! ಹಿಟ್ಟು, ಬೇಳೆ, ಹಾಸಿಗೆ, ದೇವರು ದಿಂಡರು ಎಲ್ಲ ಆಚೆ ತೆಗೀರಿ. ಅಂಗಳದಲ್ಲಿಟ್ರೆ ಮೇಲೆ ಔಷಧಿ ಹಾರುತ್ತೆ, ಆಮೇಲೆ ನನ್ನ ಕೇಳಬೇಡಿ. ಯಾವುದಾದ್ರೂ ಔಷಧಿ ಹೊಡೀದಿರೋ ಮನೇಲಿ ಇಟ್ಕೊಳ್ಳಿ."

ವಠಾರದ ಕಣ್ಣುಗಳೆಲ್ಲ ನಿಧಾನವಾಗಿ ಪಂಚಾಕ್ಷರಿಯ ಬಾಗಿಲಿನತ್ತ ತಿರುಗಿದವು.

ಮೊದಲು ಬಂದವರು ಮನೆಯ ಒಡತಿ ಮುನಿಲಕ್ಷ್ಮಮ್ಮ. ಕೇಳುವ ಮುಂಚೆಯೇ ಅವರ ಟ್ರಂಕು ಹೊಸ್ತಿಲು ದಾಟಿತ್ತು. "ಪಂಚಾಕ್ಷರಪ್ಪನೋರೆ, ನಿಮ್ದೊಂದೇ ಮನೆ ಬಿಟ್ಟವ್ರೆ, ನಮ್ಮ ಪುಣ್ಯ! ಒಸಿ ಸಾಮಾನು ಇಡ್ತೀನಿ, ಸಾಯಂಕಾಲಕ್ಕೆ ಎತ್ಕೊಂಡೋಯ್ತೀನಿ."

"ಅಮ್ಮಾ, ಟ್ರಂಕಲ್ಲಿ ನುಸಿಗುಳಿಗೆ..."

"ಹೂಂ ಕಣಪ್ಪ, ಹೋದ ವಾರ ತಾನೇ ಹೊಸದಾಗಿ ಹಾಕಿವ್ನಿ. ಒಂದು ನುಸೀನೂ ಹತ್ರ ಸುಳಿಯಾಕಿಲ್ಲ."

ಪಂಚಾಕ್ಷರಿಗೆ ಮೊದಲ ಸೀನು ಬಂತು. ಮುನಿಲಕ್ಷ್ಮಮ್ಮ "ಶತಾಯುಷ್ಯ" ಎಂದು ಹಾರೈಸಿ, ಸಾಂಬ್ರಾಣಿಯ ಡಬ್ಬ ತರಲು ಹೋದರು. ಬಾಡಿಗೆಗೆ ಇರುವವನು ಒಡತಿಗೆ ಬೇಡ ಎನ್ನುವುದು ಹೇಗೆ? ಒಡತಿಗೆ ಬೇಡ ಎನ್ನದವನು ಮಿಕ್ಕವರಿಗೆ ಬೇಡ ಎನ್ನುವುದಾದರೂ ಹೇಗೆ?

ಎರಡನೇ ಮನೆಯ ಬೈರಯ್ಯ ಮಿಲ್ಲಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು, ಕಣ್ಣು ಉಜ್ಜಿಕೊಳ್ಳುತ್ತಲೇ ಸೈಕಲ್ಲನ್ನು ಒಳಕ್ಕೆ ತಳ್ಳಿದ. ಅದರ ಹಿಂದಿನ ಸೀಟಿನಲ್ಲಿ ಹಸಿರು ಪೇಂಟಿನ ಡಬ್ಬ. ಮುಚ್ಚಳ ಅರ್ಧ ತೆರೆದಿತ್ತು.

"ಇದ್ಯಾಕೆ ಬೈರಣ್ಣ, ಪೇಂಟನ್ನ ಯಾರಾದರೂ ತಿಂತಾರಾ? ಇದನ್ನ ಆಚೆ ಇಟ್ರೆ ಏನಾಗುತ್ತೆ?"

"ಔಷಧಿ ಬಿದ್ರೆ ಬಣ್ಣ ಕೆಡುತ್ತಂತೆ ಸಾರ್," ಎಂದು ಬೈರಯ್ಯ ಗೋಡೆಗೆ ಒರಗಿ, ಒಂದು ಚಿಟಿಕೆ ನಶ್ಯ ಏರಿಸಿ, ಕೈ ಒದರಿದ. ಒದರಿದ ನಶ್ಯ ಎಲ್ಲಿಗೆ ಹೋಯಿತೆಂದು ಪಂಚಾಕ್ಷರಿಯ ಮೂಗು ತಕ್ಷಣ ವರದಿ ಮಾಡಿತು. ಎರಡು, ಮೂರು, ನಾಲ್ಕು.

ಐದನೇ ಮನೆಯ ಪದ್ಮನಾಭ ಒಂದು ಕ್ಲಿನಿಕ್ಕಿನಲ್ಲಿ ಕಾಂಪೌಂಡರು. ಅವನು ದೊಡ್ಡ ಸ್ಪಿರಿಟ್ ಬಾಟಲಿಯನ್ನು ಮಗುವಿನಂತೆ ಅಪ್ಪಿಕೊಂಡು ಬಂದ. ಕೊನೆಗೆ ಮುನಿಲಕ್ಷ್ಮಮ್ಮನ ಅತ್ತೆ ನರಸಮ್ಮನನ್ನೇ ಕುರ್ಚಿಸಮೇತ ಹೊತ್ತು ತಂದು ನಡುಮನೆಯಲ್ಲಿ ಇಳಿಸಿದರು. ಎಂಬತ್ತು ದಾಟಿದ ಮುದುಕಿ ತಲೆಯಿಂದ ಕಾಲಿನವರೆಗೆ ನೀಲಗಿರಿ ಎಣ್ಣೆ ಬಳಿದುಕೊಂಡಿದ್ದಳು.

"ಯಾಕ್ಮಗ ಹಿಂಗೆ ಸೀನ್ತೀಯ? ಬಾ, ನೆತ್ತಿಗೆ ಒಂದಿಷ್ಟು ತಟ್ತೀನಿ," ಎಂದು ಅವಳು ಪ್ರೀತಿಯಿಂದ ಕೈ ಚಾಚಿದಳು. ಪಂಚಾಕ್ಷರಿ ಟವೆಲಿನಿಂದ ಮೂಗು ಮುಚ್ಚಿಕೊಂಡು ಹೊರಕ್ಕೆ ಓಡಿದ.

ಅಂಗಳದಲ್ಲಿ ಡಿ.ಡಿ.ಟಿ. ಬಿಳಿ ಮಂಜಿನ ಹಾಗೆ ಕವಿದಿತ್ತು. ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಅಲ್ಲಿ ಒಳಗೆ ಹಿಡಿಸದ ಹಾಸಿಗೆಗಳನ್ನು ಹರಡಿದ್ದರು. ಬಿಸಿಲು ಬಿದ್ದೊಡನೆ ಅವುಗಳಿಗೆ ಸವರಿದ್ದ ತಿಗಣೆ ಔಷಧಿ ಎಚ್ಚರಗೊಂಡಿತ್ತು. ಇಳಿದು ಬೀದಿಗೆ ಬಂದು, ಭಾಷ್ಯಂ ಸರ್ಕಲ್ಲಿನವರೆಗೆ ಲಗುಬಗೆಯಿಂದ ನಡೆದ. ದಾರಿಯುದ್ದಕ್ಕೂ ಆಟೋಗಳ ಹೊಗೆ. ಪಾರ್ಕಿನ ಮೂಲೆಯಲ್ಲಿ ಮರದ ನೆರಳಿನಲ್ಲಿ ಒಂದು ಬೆಂಚು ಖಾಲಿ ಇತ್ತು. ಅಬ್ಬಾ ಎಂದು ಕೂತ. ಎದ್ದಾಗ ಪಂಚೆಯ ಹಿಂಭಾಗಕ್ಕೆ ಬೆಂಚಿನ ಹೊಸ ಬಣ್ಣ ಅಡ್ಡಗೆರೆಗಳಾಗಿ ಅಂಟಿತ್ತು. ಈಗ ಅವನು ಎಲ್ಲಿಗೆ ಹೋದರೂ ವಾಸನೆ ಜೊತೆಯಲ್ಲೇ ಬರುತ್ತಿತ್ತು. ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಸೀನುಗಳ ಲೆಕ್ಕ ನಲವತ್ತು ದಾಟಿತು.

ಮೂರು ಗಂಟೆಗೆ ಉಗ್ರಪ್ಪನ ತಂಡ ಗೋಡೆಗಳ ಮೇಲೆ ಔಷಧಿ ಹೊಡೆದ ತಾರೀಖು ಬರೆದು ಹೊರಟಿತು. ಪಂಚಾಕ್ಷರಿಗೆ ಜೀವ ಬಂದಂತಾಯಿತು.

"ಎಲ್ಲ ಮುಗೀತಲ್ಲ, ಸಾಮಾನು ತಗೊಂಡು ಹೋಗಿ. ನಾನೂ ಕೈಹಾಕ್ತೀನಿ," ಎಂದು ಟ್ರಂಕಿನ ಕಿವಿ ಹಿಡಿದ.

"ಅಯ್ಯೋ, ಆಗಲೇನಾ? ಘಾಟು ಇಳೀಬೇಕಲ್ಲಪ್ಪ," ಎಂದರು ಮುನಿಲಕ್ಷ್ಮಮ್ಮ. "ಆರು ಗಂಟೆ ಮೇಲೆ ಒಳಕ್ಕೋಗಿ ಅಂದವ್ರೆ. ಆ ವಾಸನೆ ಮನುಷ್ಯರು ತಡೆಯೋ ಅಂಥದ್ದಾ?"

ಆ ಪ್ರಶ್ನೆಗೆ ಪಂಚಾಕ್ಷರಿಯ ಬಳಿ ಉತ್ತರವಿತ್ತು, ಉಸಿರು ಇರಲಿಲ್ಲ. ಪದ್ಮನಾಭನನ್ನು ಬಾಗಿಲ ಹೊರಗೆ ಎಳೆದುಕೊಂಡು ಹೋಗಿ ಅವನ ಎರಡೂ ಕೈ ಹಿಡಿದುಕೊಂಡ.

"ಪದ್ದೂ, ಐದಕ್ಕೆ ಜಗದಾ ಬರ್ತಾಳೆ. ಅವಳ ಮುಂದೆ ಸೀನಿದ್ರೆ ನನ್ನ ಸಂಸಾರ ಮುಗೀತು. ಏನಾದರೂ ಕೊಡೋ, ಪುಣ್ಯಾತ್ಮ."

"ಅಷ್ಟೇ ತಾನೆ ಸಾರ್? ಮಾತ್ರೆ ಇದೆ. ಒಂದು ನುಂಗಿದ್ರೆ ರಾತ್ರಿವರೆಗೂ ಸೀನು ಅನ್ನೋದನ್ನ ಮರೆತುಬಿಡ್ತೀರಿ. ಸ್ವಲ್ಪ ತೂಕಡಿಕೆ ಬರುತ್ತೆ."

ತೂಕಡಿಕೆ ಯಾವ ಲೆಕ್ಕ? ಪಂಚಾಕ್ಷರಿ ಎರಡು ನುಂಗಿದ.

ಮಾತ್ರೆ ಮಾತಿಗೆ ತಪ್ಪಲಿಲ್ಲ. ನಾಲ್ಕು ಗಂಟೆಗೆ ಮೂಗು ಒಣಗಿತು. ನಾಲ್ಕೂವರೆಗೆ ಎದೆ ಹಗುರಾಯಿತು. ಪಂಚೆ ಬದಲಾಯಿಸಿ, ನರಸಮ್ಮನ ಪಕ್ಕದ ಟ್ರಂಕಿನ ಮೇಲೆ ಕೂತ. ರೆಪ್ಪೆಗಳು ಭಾರವಾಗಿದ್ದವು, ನಾಲಿಗೆ ದಪ್ಪಗಾಗಿತ್ತು, ಮುಖದ ಮೇಲೆ ತಾನಾಗಿಯೇ ಒಂದು ನಗು ಹರಡಿತ್ತು. ಮುದುಕಿ ಅವನ ನೆತ್ತಿಗೆ ಎಣ್ಣೆ ತಟ್ಟಿದಳು. ಅವನು ಬೇಡವೆನ್ನಲಿಲ್ಲ. ಬೈರಯ್ಯ ಅವನ ಎದುರೇ ನಶ್ಯ ಏರಿಸಿದ. ಅವನು ನಗುತ್ತಲೇ ಇದ್ದ. ಐದಕ್ಕೆ ಐದು ನಿಮಿಷವಿದ್ದಾಗ ಮುನಿಲಕ್ಷ್ಮಮ್ಮ, ತಮ್ಮ ದೇವರ ಪಟಗಳನ್ನು ಅವನ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ, ದೀಪ ಹಚ್ಚಿ, ಐದು ಊದುಬತ್ತಿ ಸಿಕ್ಕಿಸಿ, ಸಾಂಬ್ರಾಣಿಯ ಹೊಗೆಯನ್ನು ಮನೆಯ ಮೂಲೆಮೂಲೆಗೂ ಬೀಸಿದರು.

ಹೊರಗೆ ಆಟೋ ನಿಂತಿತು.

ಜಗದಾಂಬಾ ಒಳಗೆ ಕಾಲಿಟ್ಟಳು. ಮುಡಿಯಲ್ಲಿ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ, ಅಂಟುವಾಳದಲ್ಲಿ ಒಗೆದ ಹತ್ತಿ ಸೀರೆ. ಹೊಸ್ತಿಲಲ್ಲೇ ಬೆಕ್ಕಸಬೆರಗಾಗಿ ನಿಂತಳು. ಸಾಂಬ್ರಾಣಿಯ ಹೊಗೆಯ ನಡುವೆ, ನುಸಿಗುಳಿಗೆಯ ಟ್ರಂಕಿನ ಮೇಲೆ, ನೀಲಗಿರಿ ಎಣ್ಣೆ ಸುರಿಯುವ ತಲೆಯೊಂದಿಗೆ, ಪೇಂಟಿನ ಡಬ್ಬಕ್ಕೆ ಒರಗಿ ಗಂಡ ನಗುತ್ತ ಕೂತಿದ್ದ. ಅವಳು ಸೀನಿಗಾಗಿ ಕಾದಳು. ಒಂದು ನಿಮಿಷ ಕಾದಳು, ಎರಡು ನಿಮಿಷ ಕಾದಳು. ಸೀನು ಬರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

"ರೀ... ಗುಣ ಆಯ್ತೇನ್ರೀ?"

"ಹೂಂ," ಎಂದ ಪಂಚಾಕ್ಷರಿ. ಆ ಹೊತ್ತಿಗೆ ಅವನಿಂದ ಆಡಲಾಗುತ್ತಿದ್ದುದು ಅದೊಂದೇ ಮಾತು.

"ನನ್ನ ಎಣ್ಣೇಲಿ ವಾಸಿಯಾತು ಕಣವ್ವ," ಎಂದಳು ನರಸಮ್ಮ.

"ಸಾಂಬ್ರಾಣಿ ಹೊಗೆ ಕುಡಿದ ಮೇಲೆ ನೋಡು ಮುಖ ಹೆಂಗೆ ಕಳೆಯಾಗೈತೆ," ಎಂದರು ಮುನಿಲಕ್ಷ್ಮಮ್ಮ. ಪದ್ಮನಾಭ ಬಾಯಿ ತೆರೆಯಲು ಹೋದವನು, ಸಂಸಾರದ ವಿಷಯ ನಮಗ್ಯಾಕೆ ಎಂದು ಮುಚ್ಚಿಕೊಂಡ.

ಜಗದಾಂಬಾ ಗಂಡನ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಳು. "ನಾನು ಇವತ್ತು ಏನು ಹೇಳೋಕೆ ಬಂದಿದ್ದೆ ಗೊತ್ತೇನ್ರೀ? ತವರಲ್ಲಿ ಸುಮ್ಮನೆ ಕೂರೋಕಾಗದೆ ಊದುಬತ್ತಿ ಪ್ಯಾಕ್ ಮಾಡೋ ಕೆಲಸ ಹಿಡಿದಿದ್ದೆ. ಕಾರ್ಖಾನೆಯೋರು ಸೆಂಟು ಹಾಕಿದ ಬತ್ತಿ ಮೂಟೆಗಟ್ಟಲೆ ಮನೆಗೆ ಕಳಿಸ್ತಾರೆ, ನಾವು ಕೂತು ಪೊಟ್ಟಣ ಕಟ್ಟಬೇಕು. ಎಷ್ಟು ಇಷ್ಟ ಆಗಿತ್ತು ಗೊತ್ತಾ ಆ ಕೆಲಸ! ಆದರೂ ಹೋದ ವಾರ ಮನಸ್ಸು ಗಟ್ಟಿ ಮಾಡ್ಕೊಂಡೆ. ಇದೆಲ್ಲ ಬೇಡ, ನನ್ನ ಗಂಡನ ಉಸಿರೇ ನನಗೆ ದೊಡ್ಡದು, ಇನ್ನು ಜನ್ಮದಲ್ಲಿ ಊದುಬತ್ತಿ ಮುಟ್ಟಲ್ಲ ಅಂತ ನಿಮ್ಮ ಮುಂದೆ ಹೇಳಿ, ಇಲ್ಲೇ ಇದ್ದುಬಿಡೋಣ ಅಂತ ಬಂದೆ. ಮೂಟೆ ವಾಪಸ್ ಕೊಡೋಕೆ ಅಂತ ಆಟೋದಲ್ಲೇ ಇಟ್ಟಿದೀನಿ."

ಪಂಚಾಕ್ಷರಿಗೆ ಮಂಪರಿನ ತಳದಲ್ಲಿ ಎಲ್ಲೋ ದಿಗಿಲು ಹುಟ್ಟಿತು. ಒಂದು ಸೀನು ಬೇಕಿತ್ತು. ಬೆಳಗಿನಿಂದ ಬಿಟ್ಟಿಯಾಗಿ ಹೋದ ನಲವತ್ತರಲ್ಲಿ ಒಂದೇ ಒಂದು. ಬೈರಯ್ಯನ ಕೈಯಿಂದ ನಶ್ಯದ ಡಬ್ಬಿ ಕಿತ್ತುಕೊಂಡು ದೊಡ್ಡ ಚಿಟಿಕೆ ಏರಿಸಿದ. ಹಿಟ್ಟು ಏರಿಸಿದಂತಾಯಿತು. ಊದುಬತ್ತಿಯ ಹೊಗೆಯ ಮೇಲೆ ಬಾಗಿ ಉಸಿರೆಳೆದ. ಆಕಳಿಕೆ ಬಂತು.

"ನೋಡಿದ್ರಾ ಅಮ್ಮ, ಎಷ್ಟು ಆಸೆಯಿಂದ ಮೂಸ್ತಾರೆ!" ಎಂದು ಜಗದಾಂಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಜಗದಾ... ಮಾ... ಮಾತ್ರೆ..."

"ಮಾತ್ರೆ ಗೀತ್ರೆ ಏನೂ ಬೇಡ ಇನ್ನು ಮೇಲೆ. ಶಿವ ಕಣ್ಣುಬಿಟ್ಟಿದಾನೆ." ಅವಳು ಬಾಗಿಲಿಗೆ ಹೋಗಿ ಆಟೋದವನನ್ನು ಕೂಗಿದಳು. "ಅಣ್ಣಾ, ಕಾರ್ಖಾನೆಗೆ ಹೋಗೋದು ಬೇಡ. ಮೂರೂ ಮೂಟೆ ಇಲ್ಲೇ ಇಳಿಸಿಬಿಡಿ. ಮಲ್ಲಿಗೇದು ನಡುಮನೆಗೆ, ಕೇದಗೇದು ಅಡುಗೆಮನೆಗೆ, ಗಂಧದ್ದು ಮಂಚದ ಕೆಳಗೆ."

"ಇಷ್ಟೊಂದನ್ನ ಒಬ್ಬಳೇ ಕಟ್ತೀಯೇನವ್ವ? ನಾಳೆಯಿಂದ ನಾವೂ ಬಂದು ಕೂತ್ಕೋತೀವಿ," ಎಂದರು ಮುನಿಲಕ್ಷ್ಮಮ್ಮ.

ಪಂಚಾಕ್ಷರಿ ಹೆಂಡತಿಯ ಮುಖ ನೋಡಿದ. ಮದುವೆಯಾದ ವರ್ಷ ಆ ಮುಖ ಹೀಗೆ ಅರಳಿದ್ದನ್ನು ಕಂಡಿದ್ದ, ಆಮೇಲೆ ಕಂಡಿರಲಿಲ್ಲ. ನಿಜ ಹೇಳಲು ಬಾಯಿ ತೆರೆದ, ಮುಚ್ಚಿದ. ಗೋಡೆ ಹಿಡಿದುಕೊಂಡು ಎದ್ದು, ತೂರಾಡುತ್ತ ಬೀದಿಗೆ ಹೋಗಿ, ಆಟೋದವನು ಕೆಳಗಿಳಿಸಿದ ಮಲ್ಲಿಗೆಯ ಮೂಟೆಗೆ ತಾನೇ ಹೆಗಲು ಕೊಟ್ಟ.