ಕೋಸಿನ ಲೆಕ್ಕದಲ್ಲಿ ಲಂಡನ್

ಲೆಕ್ಕದ ವಿಷಯದಲ್ಲಿ ಉಮರ್ಗಾ ಪೇಟೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ತಿಳಿದಿದ್ದೆ. ಅರಿವೆ ಅಂಗಡಿಯವನು ನಾನು. ಸೀರೆ ನೋಡಿದೊಡನೆ ಎಷ್ಟು ಗಜವೆಂದು ಹೇಳುತ್ತಿದ್ದೆ. ನಿಜಾಮರ ಕಾಲ ಹೋಗಿ ನಾಲ್ಕಾರು ವರ್ಷವಾಗಿತ್ತು. ಆಗ ನನ್ನ ಹೆಂಡತಿಯ ತಮ್ಮ ಬಸಲಿಂಗ ಮಗ್ಗದ ಯಂತ್ರದ ಕೆಲಸ ಕಲಿಯಲು ಮುಂಬಯಿಯಿಂದ ಲಂಡನ್ನಿಗೆ ಹೊರಟ. ಬೆಳಿಗ್ಗೆ ಆರಕ್ಕೆ ವಿಮಾನ ಎಂದು ಕಾಗದ ಬರೆದಿದ್ದ.

ಅತ್ತೆಯವರು ನಿಲಂಗಾದಿಂದ ನಮ್ಮ ಮನೆಗೇ ಬಂದು ಕೂತರು. ಮಗನ ಕಾಲು ನೆಲಕ್ಕೆ ತಾಗುವವರೆಗೆ ಒಂದು ತುತ್ತೂ ಮುಟ್ಟುವುದಿಲ್ಲವೆಂದು ವಿಮಾನದ ದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಹರಕೆ ಹೊತ್ತರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೊತ್ತಿಗಿ ಇಳೀತದ, ಲೆಕ್ಕ ಮಾಡಿ ಹೇಳ್ರಿ ಅಳಿಯಾರ" ಎಂದರು.

ಶಾಲೆಯ ಮಾಸ್ತರರ ಮನೆಯಿಂದ ನಕಾಶೆ ತಂದು ದಾರ ಹಿಡಿದು ಅಳೆದೆ. ನಾಲ್ಕೂವರೆ ಸಾವಿರ ಮೈಲು! ಅತ್ತೆಗೆ ಮೈಲು ತಿಳಿಯದು, ಕೋಸಿನಲ್ಲಿ ಹೇಳಬೇಕಂತೆ. ಎರಡು ಮೈಲಿಗೆ ಒಂದು ಕೋಸು. ಎರಡು ಸಾವಿರದ ಇನ್ನೂರೈವತ್ತು ಕೋಸು ಎಂದೆ. ವಿಮಾನದ ವೇಗ ತಾಸಿಗೆ ಮುನ್ನೂರು ಎಂದು ಪೇಪರಿನಲ್ಲಿ ಓದಿದ್ದೆ. ಭಾಗಿಸಿದೆ. ಏಳೂವರೆ ತಾಸು! ಮಧ್ಯಾಹ್ನ ಒಂದೂವರೆಗೆ ಬಸಲಿಂಗ ಲಂಡನ್ನಿನಲ್ಲಿ! ಇಷ್ಟು ಲಗೂನ ಮುಟ್ಟುತ್ತಾನೆಯೇ ಎಂದು ಹೆಂಡತಿ ಸಂಶಯಪಟ್ಟಳು. ನಾನು ಮೀಸೆ ತಿರುವಿದೆ.

ಒಂದೂವರೆ ಹೊಡೆಯಿತು. ಅತ್ತೆ ಕೈಮುಗಿದು, ಎರಡು ಜೋಳದ ಭಕ್ರಿ ಪುಂಡಿಪಲ್ಯದ ಜೊತೆ ಉಂಡು ತೇಗಿದರು. ನನಗೆ ಊಟಕ್ಕಿಂತ ಊರಿಗೆ ಸುದ್ದಿ ಹೇಳುವ ಅವಸರ. ಅಂಗಡಿಗೆ ಹೋಗಿ, ಧೋತರ ಕೊಳ್ಳಲು ಬಂದಿದ್ದ ತುರೋರಿಯ ರೈತನ ಮುಂದೆ ಇಡೀ ಲೆಕ್ಕ ಬಿಚ್ಚಿದೆ.

"ಮುನ್ನೂರಂದ್ರ ಮೈಲೋ ಕೋಸೋ, ಸಾವಕಾರ್ರ?" ಎಂದು ಅಂವ ಕೇಳಿದ.

ಕೈಯಲ್ಲಿದ್ದ ಗಜಕಡ್ಡಿ ಕೆಳಗೆ ಬಿತ್ತು. ದೂರ ಕೋಸಿನಲ್ಲಿ, ವೇಗ ಮೈಲಿನಲ್ಲಿ! ಹದಿನೈದು ತಾಸು ಬೇಕು. ಭಾವಮೈದುನ ಇನ್ನೂ ಮುಗಿಲಲ್ಲಿ, ಭಕ್ರಿ ಅತ್ತೆಯ ಹೊಟ್ಟೆಯಲ್ಲಿ. ಹರಕೆ ಮುರಿಸಿದವನು ನಾನು, ಅವನಿಗೇನಾದರೂ ಆದರೆ? ನಿಜವಾಗಿಯೂ ಹೆದರಿದೆ. ಪೋಸ್ಟ್ ಮಾಸ್ತರರ ಹತ್ತಿರ ಓಡಿದರೆ, ವಿಮಾನ ಎಣ್ಣೆಗಾಗಿ ಅಲ್ಲಲ್ಲಿ ನಿಲ್ಲುತ್ತದೆ, ಮೇಲಾಗಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಹಿಂದೆ ಎಂದರು. ಕೂಡಿಸಬೇಕೋ ಕಳೆಯಬೇಕೋ ತಿಳಿಯಲಿಲ್ಲ. ಒಂದು ಲೆಕ್ಕದಲ್ಲಿ ಬಸಲಿಂಗ ನಾಳೆ ಇಳಿದ. ಇನ್ನೊಂದರಲ್ಲಿ ಹತ್ತುವ ಮೊದಲೇ ಇಳಿದ!

ಮನೆಗೆ ಹೋಗಿ ಅತ್ತೆಯ ಮುಂದೆ ತಪ್ಪೊಪ್ಪಿಕೊಂಡೆ. ಅವರ ಮುಖ ಬಾಡಿತು. ಅದನ್ನು ನೋಡಲಾರದೆ, ಬಸಲಿಂಗ ಲಂಡನ್ನಿನಲ್ಲಿ ಇಳಿದ ಸುದ್ದಿ ಬರುವವರೆಗೆ ನಾನೇ ಉಪವಾಸ ಎಂದುಬಿಟ್ಟೆ.

ಅಷ್ಟರಲ್ಲಿ ಪೋಸ್ಟಿನವನು ಮುಂಬಯಿಯಿಂದ ಬಂದ ಬಸಲಿಂಗನ ತಾರು ತಂದ. ವಿಮಾನ ಕೆಟ್ಟಿದೆ, ನಾಳೆ ಹೊರಡುತ್ತದೆ!

ಅತ್ತೆ ಮನಸಾರೆ ನಕ್ಕರು. "ನನ್ನ ಮಗ ನೆಲದ ಮ್ಯಾಲೇ ಅದಾನ. ನಾ ಉಂಡದ್ದು ತಪ್ಪಲ್ಲ ಬಿಡ್ರಿ. ನಾಳಿಗಿ ಮಾತ್ರ ನೀವು ಲೆಕ್ಕ ಮಾಡಬ್ಯಾಡ್ರಿ."

ಸಂಜೆ ಎಲ್ಲರೂ ಊಟಕ್ಕೆ ಕೂತರು. ನನಗೆ ತಾಟು ಹಾಕಲಿಲ್ಲ. ನನ್ನ ಉಪವಾಸ ಇನ್ನೆಷ್ಟು ತಾಸು ಎಂದು ಕೇಳಲು ಬಾಯಿ ತೆರೆದೆ. ಲೆಕ್ಕ ಮಾಡಿ ಹೇಳುವವನು ಮನೆಯಲ್ಲಿ ನಾನೊಬ್ಬನೇ ಇದ್ದೆ.