ನಮ್ಮ ಯಜಮಾನರ ಹೊಗೆಯಂತ್ರ

ಎಲ್ಲವನ್ನೂ ತಾನೇ ಕಲಿತ ಗಂಡಸನ್ನು ಕಟ್ಟಿಕೊಂಡ ಹೆಂಗಸಿನ ಮನೆಯಲ್ಲಿ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ನಮ್ಮ ಯಜಮಾನರು ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರು. ಹಾರ್ಮೋನಿಯಂ, ಹೋಮಿಯೋಪತಿ, ಗಡಿಯಾರ ರಿಪೇರಿ ಎಲ್ಲವನ್ನೂ ತಾವೇ ಕಲಿತವರು. ಅವರು ಕೈಯಿಟ್ಟ ಮೇಲೆ ನಮ್ಮ ಗೋಡೆ ಗಡಿಯಾರ ಗಂಟೆ ಹೊಡೆಯುವುದನ್ನು ಬಿಟ್ಟು ಕೆಮ್ಮುವುದಕ್ಕೆ ಶುರು ಮಾಡಿತ್ತು. ಎಪ್ಪತ್ತರ ದಶಕದಲ್ಲಿ ನಾವು ರಾಜಾಜಿನಗರದಲ್ಲಿ ಬಾಡಿಗೆಗಿದ್ದಾಗ ಅವರಿಗೆ ವೆಲ್ಡಿಂಗ್ ಹುಚ್ಚು ಹಿಡಿಯಿತು. ಆ ವರ್ಷದ್ದನ್ನು ಈಗ ನಕ್ಕು ಹೇಳುತ್ತೇನೆ. ಆಗ ನನಗೆ ನಗು ಬಂದಿರಲಿಲ್ಲ.

೧. ಮೊದಲನೇ ಬಕೀಟು

ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸಲು ಪರದೇಶದ ಎಂಜಿನಿಯರ್ ಒಬ್ಬ ಬಂದಿದ್ದ. ವಾಪಸು ಹೊರಡುವ ಮುಂಚೆ ಆಫೀಸಿನವರಿಗೆಲ್ಲ ಬಂಗಲೆಯಲ್ಲಿ ಊಟ ಹಾಕಿದ. ಅಂಗಳದಲ್ಲಿ ಒಂದು ದೊಡ್ಡ ಕಬ್ಬಿಣದ ಡ್ರಮ್ಮು, ಅದರೊಳಗೆ ನೇತುಹಾಕಿದ ಮಾಂಸ. ಪಕ್ಕದ ಸಣ್ಣ ಡ್ರಮ್ಮಿನಲ್ಲಿ ಸೌದೆ ಉರಿಸಿ, ಆ ಹೊಗೆಯನ್ನು ಪೈಪಿನಲ್ಲಿ ಇದರೊಳಕ್ಕೆ ಬಿಟ್ಟು, ಬರೀ ಹೊಗೆಯಲ್ಲೇ ಬೇಯಿಸಿದ್ದನಂತೆ. ಯಜಮಾನರು ಮನೆಗೆ ಬಂದವರೇ, "ಅದೇನು ರುಚಿ ಕಣೇ. ನಾವು ಇಷ್ಟು ದಿನ ತಿಂದಿದ್ದು ಮಾಂಸವೇ ಅಲ್ಲ" ಅಂದರು. ಮದುವೆಯಾದಾಗಿನಿಂದ ನಾನು ಬೇಯಿಸಿ ಹಾಕಿದ್ದು ಕುಂಬಳಕಾಯಿಯೇ ಎಂದು ಕೇಳಬೇಕೆನಿಸಿತು.

"ನಾನೂ ಒಂದು ಮಾಡ್ತೀನಿ. ಎರಡು ಡ್ರಮ್ಮು, ಒಂದು ಪೈಪು. ವೆಲ್ಡಿಂಗ್ ಕಲಿತುಬಿಟ್ರೆ ಮುಗೀತು," ಅಂದರು.

"ಎಲ್ಲಿ ಇಡ್ತೀರಾ? ಓನರ್ ತಲೆ ಮೇಲಾ?" ಅಂದೆ.

ಆ ಮನೆ ನಮಗೆ ಸಿಕ್ಕಿದ್ದೇ ಕಷ್ಟದಲ್ಲಿ. ಮನೆ ಕೇಳಿಕೊಂಡು ಹೋದರೆ ಹೆಸರಿಗಿಂತ ಮುಂಚೆ "ನೀವು ಏನು ತಿನ್ನೋರು?" ಎಂದು ಕೇಳುವ ಕಾಲ. ನಾನು ನಾಗರಬಾವಿಯ ಬೇಸಾಯಗಾರರ ಮನೆಯ ಮಗಳು, ನಿಜ ಹೇಳುತ್ತಿದ್ದೆ, ಬಾಗಿಲು ಹಾಕಿಕೊಳ್ಳುತ್ತಿದ್ದರು. ಚಪ್ಪಲಿ ಸವೆದ ಮೇಲೆ ಸುಳ್ಳು ಹೇಳುವುದನ್ನು ಕಲಿತೆ. ನಮ್ಮ ಓನರ್ರು ಹುಬ್ಬಳ್ಳಿ ಕಡೆಯಿಂದ ಬಂದು ನೆಲೆಸಿದ ನಿವೃತ್ತ ಅಧಿಕಾರಿ. ಹಣೆ ತುಂಬ ವಿಭೂತಿ, ಬೆಳಗಿನ ಸ್ನಾನ ಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದವರು. ಮುಂದಿನ ಮನೆ ಅವರದು, ಹಿಂದಿನ ಎರಡು ಕೋಣೆ ನಮ್ಮದು. ಹಿತ್ತಲಲ್ಲೇ ನಲ್ಲಿ, ಬೀದಿ ದಾಟಿದರೆ ಮಕ್ಕಳ ಸ್ಕೂಲು. ಭಾನುವಾರ ನಾನು ಕಿಟಕಿ ಮುಚ್ಚಿ, ಕಂತೆ ಕಂತೆ ಊದುಬತ್ತಿ ಹಚ್ಚಿ, ಕಳ್ಳಿಯ ಹಾಗೆ ಸಾರು ಕುದಿಸುತ್ತಿದ್ದೆ. ಈ ಮನೆ ಕೈತಪ್ಪಿದರೆ ಗತಿಯೇನು ಎಂಬ ಭಯ ನನ್ನನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಯಜಮಾನರಿಗೆ ಆ ಭಯ ಇರಲಿಲ್ಲ, ಏಕೆಂದರೆ ಮನೆ ಹುಡುಕಲು ಬೀದಿ ಬೀದಿ ಅಲೆದವಳು ನಾನು.

ಮುಂದಿನ ವಾರವೇ ಕೈಗಾಡಿಯಲ್ಲಿ ಗುಜರಿ ಡ್ರಮ್ಮುಗಳು ಬಂದವು. ಓನರ್ರು ಹಿತ್ತಲಿಗೆ ಬಂದು, "ಏನ್ರೀ ಇದು, ಗುಜರಿ ಅಂಗಡಿ ಇಡಾವ್ರೇನು?" ಅಂದರು.

"ಬಾಯ್ಲರ್ ಮಾಡ್ತಿದೀನಿ ಸಾರ್. ಸ್ನಾನದ ನೀರಿಗೆ. ಸೌದೆ ಕಮ್ಮಿ ಸಾಕು, ನೀರು ಬೇಗ ಕಾಯುತ್ತೆ," ಅಂದರು ಯಜಮಾನರು, ಕಣ್ಣು ಮಿಟುಕಿಸದೆ.

ಓನರ್ರು ಡ್ರಮ್ಮಿನ ಸುತ್ತ ಬಂದು ಅದನ್ನು ಒಮ್ಮೆ ತಟ್ಟಿ ನೋಡಿದರು. "ಛಲೋ ಆತ್ರಿ. ಆದ್ರ ಮೊದಲನೇ ಬಕೀಟು ನಮಗ," ಅಂದರು.

"ಖಂಡಿತ ಸಾರ್."

ಅವರು ಅತ್ತ ಹೋದ ಮೇಲೆ ನಾನು ರೇಗಿದೆ. "ವಯಸ್ಸಾಗಿದೆ ಕಣೇ, ನಾಳೆಗೆ ಮರೆತುಬಿಡ್ತಾರೆ," ಅಂದರು ಯಜಮಾನರು. ಮಾರನೆಯ ದಿನ ಓನರ್ರು ಬೆತ್ತದ ಕುರ್ಚಿ ತಂದು ಡ್ರಮ್ಮಿನ ಎದುರಿಗೇ ಹಾಕಿಕೊಂಡು ಕೂತರು.

೨. ಜವಾಬ್ದಾರಿ ಇರುವವರು

ವೆಲ್ಡಿಂಗನ್ನು ಯಜಮಾನರು ಕಲಿತದ್ದು ಕಾರ್ಖಾನೆಯ ಶೆಡ್ಡಿನ ಬಾಗಿಲಲ್ಲಿ, ಊಟದ ಡಬ್ಬಿ ಹಿಡಿದುಕೊಂಡು, ದೂರದಿಂದ ನೋಡಿ. ಅಷ್ಟು ಸಾಕು ಅಂದರು. ಕಾಮಾಕ್ಷಿಪಾಳ್ಯದ ಯಾರೋ ಗ್ರಿಲ್ ಮಾಡುವವರು ಮೂಲೆಗೆ ಎಸೆದಿದ್ದ ವೆಲ್ಡಿಂಗ್ ಸೆಟ್ಟನ್ನು ತಂದು ನಮ್ಮ ಮನೆಯ ಕರೆಂಟಿಗೇ ಸೇರಿಸಿದರು.

ವೆಲ್ಡಿಂಗ್ ಕಡ್ಡಿ ಕಬ್ಬಿಣಕ್ಕೆ ತಾಗಿದ್ದೇ ತಡ, ನಮ್ಮ ಮನೆಯ ಬಲ್ಬು ಕೆಂಪಗೆ ಕುಗ್ಗಿತು. ಆಮೇಲೆ ಓನರ್ ಮನೆಯದು. ಆಮೇಲೆ ಇಡೀ ಸಾಲಿನದು. ರೇಡಿಯೋದಲ್ಲಿ ನಾಟಕ ಬರುತ್ತಿದ್ದ ಹೊತ್ತು. ನಾಯಕಿ ಅಳುತ್ತಿದ್ದವಳು ಗಂಡಸಿನ ದನಿಯಲ್ಲಿ ನರಳಿ ಸುಮ್ಮನಾದಳು. ಜನ ಬೈದುಕೊಂಡು ಬೀದಿಗೆ ಬಂದರು. ಯಜಮಾನರು ಸೆಟ್ಟಿನ ಮೇಲೆ ಗೋಣಿಚೀಲ ಮುಚ್ಚಿ ತಾವೂ ಹೋಗಿ ನಿಂತರು.

"ಏನ್ರೀ ಅನ್ಯಾಯ ಇದು. ತಿಂಗಳು ತಿಂಗಳು ಬಿಲ್ಲು ಕಟ್ತೀವಿ, ಒಂದು ನಾಟಕ ಕೇಳೋಕಾಗಲ್ಲ ಅಂದ್ರೆ ಏನರ್ಥ?" ಎಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದರು. ಅವರ ಆವೇಶ ನೋಡಿ ಬೀದಿಯವರು ಅವರನ್ನೇ ಮುಂದಾಳು ಮಾಡಿಕೊಂಡು ಮಾರನೆಯ ದಿನ ಕರೆಂಟ್ ಆಫೀಸಿಗೆ ಹೋಗಿ ಗಲಾಟೆ ಮಾಡಿ ಬಂದರು. ಸಂಜೆ ಲೈನ್‌ಮನ್ ಬಂದ. ಕಂಬ ಹತ್ತಿ ಇಳಿದು, ಮುಂದಾಳಿನ ಮನೆ ಯಾವುದೆಂದು ಕೇಳಿಕೊಂಡು ನಮ್ಮ ಹಿತ್ತಲಿಗೆ ಬಂದ.

"ಲೈನು ಸರಿಯಾಗೇ ಇದೆ ಸಾರ್. ಈ ಬೀದೀಲಿ ಯಾವನೋ ಕಳ್ಳತನದಲ್ಲಿ ದೊಡ್ಡ ಮಿಷನ್ ಇಟ್ಕೊಂಡವ್ನೆ. ನೀವು ಜವಾಬ್ದಾರಿ ಇರೋರು, ಸ್ವಲ್ಪ ಕಣ್ಣಿಟ್ಟಿರಿ," ಅಂದ.

ಇಷ್ಟನ್ನೂ ಅವನು ಹೇಳಿದ್ದು ನಾನು ಕೊಟ್ಟ ಕಾಫಿ ಕುಡಿಯುತ್ತ, ಆ ಗೋಣಿಚೀಲದ ಮೇಲೆಯೇ ಕೂತು.

೩. ಒಳಲೆ ಹಾಲು

ವೆಲ್ಡಿಂಗ್ ಮಾಡುವವರು ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಮುಖವಾಡ ದಂಡ ಎಂದು ಯಜಮಾನರ ಅಭಿಪ್ರಾಯ. ಬೀದಿಯೆಲ್ಲ ಮಲಗಿದ ಮೇಲೆ, ಒಂದರ ಮೇಲೊಂದು ಎರಡು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತರು. ಒಂದು ಅವರದು, ಒಂದು ನನ್ನದು. ಮಾರನೆಯ ಬೆಳಿಗ್ಗೆ ಕಣ್ಣಿಗೆ ಮರಳು ಹಾಕಿದ ಹಾಗಾಗಿ, ರೆಪ್ಪೆ ಊದಿ, ನೀರು ಸುರಿಯುತ್ತಿತ್ತು. ತಮ್ಮ ಹೋಮಿಯೋಪತಿ ಪುಸ್ತಕ ತರಲು ಹೇಳಿದರು. ತಂದುಕೊಟ್ಟೆ. ಓದಲು ಕಣ್ಣು ಬಿಡಬೇಕಲ್ಲ.

ಓನರ್ ಹೆಂಡತಿ ಬಂದು ನೋಡಿ, "ಬಾಣಂತಿ ಎದಿಹಾಲು ನಾಕು ಹನಿ ಬಿಡವಾ. ತಂಪಾಗ್ತೈತಿ," ಅಂದರು. ಎದುರು ಮನೆಯಲ್ಲಿ ಹೆರಿಗೆಗೆ ಬಂದ ಮಗಳಿದ್ದಳು. ನಾನು ನಾಚಿಕೆಯಿಂದ ಕುಗ್ಗಿ ಹೋಗಿ ಕೇಳಿದೆ. ಬಾಣಂತಿಯ ತಾಯಿ ಒಳ್ಳೆ ಹೆಂಗಸು. ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆಯಲ್ಲೇ ಹಾಲು ಹಿಡಿದುಕೊಂಡು ತಾವೇ ಬಂದರು. ಜಗಲಿಯ ಬೆಳಕಿನಲ್ಲಿ ಕಾಲು ಚಾಚಿ ಕೂತು, ಯಜಮಾನರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಹನಿ ಬಿಟ್ಟರು. ಬೀದಿಯ ಒಂದು ಕಿಟಕಿಯೂ ಖಾಲಿ ಇರಲಿಲ್ಲ.

ಹಾಲು ಮುಗಿಯಿತು. ಆಕೆ ಅಭ್ಯಾಸಬಲದಿಂದ ಯಜಮಾನರನ್ನು ಎತ್ತಿ ಕೂರಿಸಿ, ಭುಜಕ್ಕೆ ಒರಗಿಸಿಕೊಂಡು ಬೆನ್ನು ತಟ್ಟಿದರು. ತಪ್ಪು ಗೊತ್ತಾದ ಮೇಲಾದರೂ ಸುಮ್ಮನೆ ಹೋಗಬಹುದಿತ್ತು. ಮೆಟ್ಟಿಲಿಳಿಯುತ್ತ ನನ್ನ ಕಡೆ ತಿರುಗಿ, "ತೇಗು ಬರೋವರೆಗೂ ಮಲಗಿಸ್ಬೇಡ ಕಣಮ್ಮ," ಅಂದರು.

೪. ಅಮ್ಮನ ಪ್ರಶ್ನೆ

ಅಂತೂ ಯಂತ್ರ ಎದ್ದು ನಿಂತಿತು. ಸ್ವಲ್ಪ ನಲ್ಲಿಯ ಕಡೆಗೆ ವಾಲಿತ್ತು. ಬೆಸುಗೆಗಳು ಗೋಡೆಗೆ ಬಡಿದ ಬೆರಣಿಯ ಹಾಗೆ ದಪ್ಪದಪ್ಪಗೆ ಕಾಣುತ್ತಿದ್ದವು. ನಾಗರಬಾವಿಯಿಂದ ನಮ್ಮಮ್ಮ ಅವರೆಕಾಯಿ ಹೊತ್ತುಕೊಂಡು ಬಂದಿದ್ದಳು. ಓನರ್ರು ಮನೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಯಜಮಾನರು ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ ಪಾಠ ಮಾಡಿದರು. ಇಲ್ಲಿ ಬೆಂಕಿ, ಇಲ್ಲಿ ಹೊಗೆ, ಇಲ್ಲಿ ಮಾಂಸ.

"ಹೊಗೇಲಿ ಇಟ್ರೆ ಏನಾಗುತ್ತೆ?" ಅಂದಳು ಅಮ್ಮ.

"ಕೆಡಲ್ಲ ಅತ್ತೆ. ಒಂಥರಾ ರುಚಿ ಹಿಡಿಯುತ್ತೆ."

"ಅಂದ್ರೆ ಉಪ್ಪುಕಂಡ."

ನಮ್ಮ ಕಡೆ ಮಾಂಸಕ್ಕೆ ಉಪ್ಪು ಅರಿಶಿನ ಸವರಿ, ದಾರದಲ್ಲಿ ಪೋಣಿಸಿ, ಒಲೆಯ ಮೇಲೆ ಹೊಗೆಗೆ ಕಟ್ಟುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಯಜಮಾನರ ಮುಖ ಸಣ್ಣದಾಯಿತು. "ಅದು ಬೇರೆ ಅತ್ತೆ. ಇದು ವೈಜ್ಞಾನಿಕ," ಅಂದರು.

ಅಮ್ಮನಿಗೆ ಅಳಿಯನ ಮೇಲೆ ನಿಜವಾಗಿಯೂ ಕನಿಕರ ಬಂತು. "ಅಯ್ಯೋ, ಇಷ್ಟೆಲ್ಲ ಯಾಕೆ ಕಷ್ಟಪಟ್ರಿ? ಮನೇಲಿ ದಾರ ಇಲ್ಲ ಅಂತ ಹೇಳಿ ಕಳ್ಸಿದ್ರೆ ನಾನೇ ತರ್ತಿದ್ನಲ್ಲ," ಅಂದಳು.

೫. ಬಾಯ್ಲರ್ ಪರೀಕ್ಷೆ

ಆಯುಧಪೂಜೆಯ ದಿನ ಓನರ್ ಹೆಂಡತಿ ಯಂತ್ರಕ್ಕೆ ಮೂರು ಪಟ್ಟೆ ವಿಭೂತಿ ಬಳಿದು, ಹೂ ಮುಡಿಸಿ, ಕಾಯಿ ಒಡೆದರು. "ಮೊದಲನೇ ನೀರು ಯಾವಾಗ?" ಎಂದು ಓನರ್ರು ದಿನಾ ಕೇಳತೊಡಗಿದರು. ಬಣ್ಣ ಒಣಗಬೇಕು ಅಂತ ಒಂದು ದಿನ, ಪೈಪು ಕೂರಬೇಕು ಅಂತ ಇನ್ನೊಂದು ದಿನ ಯಜಮಾನರು ನೆಪ ಹೇಳಿದರು.

ಒಂದು ಭಾನುವಾರ ಓನರ್ ದಂಪತಿ ಬಸವೇಶ್ವರನಗರಕ್ಕೆ ಗೃಹಪ್ರವೇಶಕ್ಕೆಂದು ಹೊರಟರು. ಅವರು ಮೂಲೆ ತಿರುಗುವುದನ್ನೇ ಕಾದಿದ್ದು ಯಜಮಾನರು ಮಟನ್ ನೇತುಹಾಕಿ ಬೆಂಕಿ ಹಚ್ಚಿದರು. ಹೊರಗೆ ವಿಭೂತಿ, ಒಳಗೆ ತೊಡೆ ಮಾಂಸ. ಹೊಗೆ, ಡ್ರಮ್ಮಿನ ಮೇಲೆ ಕೂರಿಸಿದ್ದ ಚಿಮಣಿಯೊಂದನ್ನು ಬಿಟ್ಟು ಎಲ್ಲ ಬೆಸುಗೆಗಳಿಂದಲೂ ಬಂತು. ಬೀದಿಗೆ ಬೀದಿಯೇ ಬೆಳ್ಳಗಾಯಿತು. ಡ್ರಮ್ಮು, ಪೈಪು, ಬೆಂಕಿ ಎಲ್ಲ ಕಂಡ ಯಾರೋ ಪುಣ್ಯಾತ್ಮರು, ಇಲ್ಲಿ ಕಳ್ಳಭಟ್ಟಿ ಇಳಿಸುತ್ತಿದ್ದಾರೆ ಎಂದು ಪೊಲೀಸರಿಗೆ ಹೇಳಿಬಿಟ್ಟರು. ಪೇದೆ ಸೈಕಲ್ಲಿನಲ್ಲಿ ಬಂದ. ಅವನ ಹಿಂದೆಯೇ, ಉಡುಗೊರೆಯ ಪೊಟ್ಟಣ ಮರೆತಿದ್ದ ಓನರ್ರು ವಾಪಸು ಬಂದರು.

"ಏನ್ ಸಾರ್ ಕಾಯಿಸ್ತಿದೀರಾ? ಮುಚ್ಚಳ ತೆಗೀರಿ," ಅಂದ ಪೇದೆ.

ತೆಗೆದರೆ ಒಳಗಿರುವುದು ಸಾರಾಯಿಯಲ್ಲ, ಮಾಂಸ ಎಂದು ಗೊತ್ತಾಗುತ್ತದೆ. ಯಜಮಾನರು ಉಳಿಯುತ್ತಾರೆ, ಮನೆ ಹೋಗುತ್ತದೆ. ತೆಗೆಯದಿದ್ದರೆ ಮನೆ ಉಳಿಯುತ್ತದೆ, ಯಜಮಾನರು ಠಾಣೆಗೆ ಹೋಗುತ್ತಾರೆ. ಎರಡರಲ್ಲಿ ಯಾವುದು ವಾಸಿ ಎಂದು ನಾನು ಒಂದು ಗಳಿಗೆ ಯೋಚಿಸಿದೆ. ಯಜಮಾನರು ಬಾಯಿ ತೆರೆಯುವ ಮೊದಲೇ ಓನರ್ರು ಪೇದೆಗೆ ಅಡ್ಡ ನಿಂತರು.

"ಬಾಯ್ಲರ್ ರೀ ಅದು. ನನ್ನ ಕಣ್ಣ ಮುಂದ ಮಾಡ್ಯಾರ. ಇವ್ರು ಮರ್ಯಾದಸ್ತರು. ನೋಡ್ರಿ, ನೀರು ಹಾಕಿ ತೋರಸ್ತೀನಿ," ಎಂದು ತಾವೇ ನಲ್ಲಿಯಿಂದ ಬಕೀಟು ತುಂಬಿಕೊಂಡು, ಒಗೆಯುವ ಕಲ್ಲು ಹತ್ತಿ, ಚಿಮಣಿಯೊಳಕ್ಕೆ ಸುರಿದರು. ನಮ್ಮ ಪರವಾಗಿ ಅವರು ಹಾಗೆ ಕಲ್ಲು ಹತ್ತಿದ್ದನ್ನು ಕಂಡು ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಬಿರಿಯಿತು, ಆದರೆ ನೆಲವಲ್ಲ. ಸುರಿದ ನೀರು ಅಷ್ಟೂ ಬೆಸುಗೆಗಳಿಂದ ಚಿಮ್ಮಿತು. ಬೆಂಕಿ ಆರಿತು, ಓನರ್ರ ಪಂಚೆ ನೆನೆಯಿತು. ಪೇದೆ ಬಗ್ಗಿ ಒಂದು ಬೆಸುಗೆಯನ್ನು ಬೆರಳಿನಲ್ಲಿ ಒತ್ತಿದ. ಅದು ಕಳಚಿ ಅವನ ಕೈಗೇ ಬಂತು.

"ಕಳ್ಳಭಟ್ಟಿ ಕಾಯಿಸೋರನ್ನ ನಾನು ಎಷ್ಟೋ ಜನಾನ ಹಿಡಿದಿದೀನಿ," ಅಂದ. "ಅವರ ಡ್ರಮ್ಮು ಒಂದು ತೊಟ್ಟು ಸೋರಲ್ಲ. ಇದು ಮಾಡಿದೋನಿಗೆ ಭಟ್ಟಿ ಇಳಿಸೋ ಯೋಗ್ಯತೆ ಇಲ್ಲ ಬಿಡಿ." ಹಾಗೆಂದು ಸೈಕಲ್ ತಿರುಗಿಸಿಕೊಂಡ. ಓನರ್ರು ಪಂಚೆ ಹಿಂಡಿಕೊಳ್ಳುತ್ತಿದ್ದರು. ಮುಚ್ಚಳ ಮುಚ್ಚಿಯೇ ಇತ್ತು. ಮನೆಯೂ ಉಳಿಯಿತು, ಮನುಷ್ಯನೂ ಉಳಿದ ಎಂದು ನಾನು ಉಸಿರು ಬಿಟ್ಟೆ.

"ರೀ, ನಿಂತ್ಕೊಳ್ರೀ," ಅಂದರು ಯಜಮಾನರು. ಮುಖ ಕೆಂಪಾಗಿತ್ತು. "ಯೋಗ್ಯತೆ ಬಗ್ಗೆ ಮಾತಾಡ್ಬೇಡಿ. ಇದು ನೀರಿಗೆ ಮಾಡಿದ್ದೇ ಅಲ್ಲ. ಹೊಗೆ ಆಡಲಿ ಅಂತ ನಾನೇ ಸಂದು ಬಿಟ್ಟಿದೀನಿ. ಮಟನ್ ಬೇಯಿಸೋ ಯಂತ್ರ ಇದು, ನೋಡಿ ಬೇಕಾದ್ರೆ." ಹಾಗೆಂದು ತಮ್ಮ ಕೈಯಾರೆ ಮುಚ್ಚಳ ಎತ್ತಿ ತೋರಿಸಿದರು.

ಪೇದೆ ಇಣುಕಿ ನೋಡಿ, "ಇನ್ನೂ ಬೆಂದಿಲ್ಲ," ಎಂದು ಹೇಳಿ ಹೊರಟುಹೋದ. ಓನರ್ರು ಪಂಚೆ ಹಿಂಡುವುದನ್ನು ಬಿಟ್ಟು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತರು.

"ನೀವು ಮಾಂಸ ತಿಂತೀರಿ ಅನ್ನೂದು ನೀವು ಬಂದ ಮೊದಲನೇ ಐತಾರನ ನನಗ ಗೊತ್ತಾಗೇತ್ರಿ," ಅಂದರು ಕೊನೆಗೆ. "ಐತಾರ ಒಂದ ದಿನ ಕಿಟಕಿ ಹಾಕ್ಕೊಂಡು ಅಷ್ಟು ಊದಿನಕಡ್ಡಿ ಯಾರು ಹಚ್ತಾರ? ಬಾಡಿಗಿ ಬರೋಬರಿ ಬರ್ತಿತ್ತು, ಗೊತ್ತಿಲ್ಲದವ್ರಂಗ ಇದ್ದೆ. ಆದ್ರ ಬಾಯ್ಲರ್ ಆಗ್ತೈತಿ ಅಂತ ನಂಬಿ ನಮ್ಮ ತಾಮ್ರದ ಹಂಡೆ ಇವತ್ತ ಮುಂಜಾನೆ ಬೀಗರಿಗೆ ಕೊಟ್ಟಬಿಟ್ಟೀನಲ್ರೀ. ನಾಳೆ ಮುಂಜಾನೆ ನಾನು ಜಳಕಾ ಹ್ಯಾಂಗ ಮಾಡ್ಲಿ?"

ಮನೆ ಬಿಡಿ ಎಂದು ಅವರು ಹೇಳಲಿಲ್ಲ. ಬದಲಿಗೆ, ಬಿಸಿನೀರು ಕೊಡ್ರಿ ಅಂದರು. ಮಾರನೆಯ ಬೆಳಗಿನಿಂದ ಯಜಮಾನರು ಆ ಡ್ರಮ್ಮಿನ ಮುಚ್ಚಳ ತೆಗೆದು, ಅದರ ಬಾಯಿಗೆ ನಾನು ಸಾರು ಕುದಿಸುವ ದೊಡ್ಡ ಪಾತ್ರೆ ಕೂರಿಸಿ, ನೀರು ಕಾಯಿಸಿ, ಎರಡೂ ಕೈಯಲ್ಲಿ ಬಕೀಟು ಹಿಡಿದು ಮುಂದಿನ ಮನೆಯ ಬಚ್ಚಲಿಗೆ ಹೊತ್ತರು. ಆ ನೀರಿಗೆ ಹೊಗೆಯ ವಾಸನೆ, ಜೊತೆಗೆ ಬೆಳ್ಳುಳ್ಳಿಯದು. ಓನರ್ರು ಅದರಲ್ಲೇ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆಗೆ ಕೂರುತ್ತಿದ್ದರು. ಹಿತ್ತಲಿನ ಬೆತ್ತದ ಕುರ್ಚಿಯನ್ನು ಮಾತ್ರ ಒಳಗೆ ಎತ್ತಿಕೊಂಡು ಹೋದರು.

ಶನಿವಾರ ಸಂಜೆ ನಮ್ಮ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡರು. ಕೊನೆಗೂ ಮನೆ ಬಿಡಿಸಲು ಬಂದರು ಎಂದುಕೊಂಡು ನಾನು ಸೆರಗು ಬಿಗಿ ಹಿಡಿದು ನಿಂತೆ.

"ನಾಳೆ ಐತಾರ," ಅಂದರು ಓನರ್ರು, ಯಂತ್ರದ ಕಡೆ ನೋಡದೆ. "ನಾಳೆ ಒಂದ ದಿನ ನಾವು ತಣ್ಣೀರಾಗ ಜಳಕಾ ಮಾಡ್ತೀವ್ರಿ. ಬಾಯ್ಲರ್ ನಿಮಗ ಬೇಕಾಗ್ತೈತಿ."