ಬೆಟ್ಟ ಹತ್ತಿದ ಜೋಡಿ ಕ್ಯಾಸೆಟ್ಟು

ಅವರೆಕಾಯಿ ಸುಗ್ಗಿ, ಧನುರ್ಮಾಸದ ಚಳಿ. ಹೊತ್ತು ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಟೀ ಅಂಗಡಿಯವನು ಗಿರಾಕಿಗಳಿಗೆ ಅಂತ ಒಲೆ ಹೊತ್ತಿಸಿ, ತಾನೇ ಅದಕ್ಕೆ ಅಡ್ಡ ಕೂತು ಬೆನ್ನು ಕಾಯಿಸಿಕೊಳ್ಳುತ್ತಿದ್ದ. ಎರಡು ಸಾವಿರದ ಇಸವಿ ಹುಟ್ಟುವುದಕ್ಕೆ ಮುಂಚಿನ ಒಂದು ಗುರುವಾರ ಅದು. ಬೆಟ್ಟದ ರೂಟಿನ ಪ್ರೈವೇಟ್ ಬಸ್ಸಿನ ಡ್ರೈವರ್ ನಿಂಗರಾಜು ಒಂದು ಕ್ಯಾಸೆಟ್ಟು ತೆಗೆದು ಟೇಪಿನ ಬಾಯಿಗೆ ತುರುಕಿದ. ತೊಂದರೆ ಶುರುವಾದದ್ದು ಅಲ್ಲಿಂದ.

ನಿಂಗರಾಜನ ಮನೆ ಯಳಂದೂರಿನಲ್ಲಿ. ಹೆಂಡತಿ ಯಶೋದ, ಒಂದು ಕೂಸು. ಬೆಟ್ಟದ ಬಸ್ಸಿಗೆ ರಾತ್ರಿ ಒಂದಿನ ಪಾಲಾರಿನಲ್ಲಿ ಹಾಲ್ಟು, ಒಂದಿನ ಕೊಳ್ಳೇಗಾಲದ ಶೆಡ್ಡಿನಲ್ಲಿ. ಅವನು ಮನೆ ಕಾಣುತ್ತಿದ್ದದ್ದು ವಾರಕ್ಕೊಂದು ಸಲ. ಈಗ ಮಾಲೀಕರಾದ ಸಿದ್ದಮಲ್ಲಪ್ಪನವರು ಹೊಸ ಗಾಡಿ ತಂದಿದ್ದರು. ಕೊಳ್ಳೇಗಾಲದಿಂದ ಯಳಂದೂರು ಮೇಲೆ ಚಾಮರಾಜನಗರ, ರಾತ್ರಿ ಯಳಂದೂರಿನಲ್ಲೇ ಹಾಲ್ಟು. ಆ ಗಾಡಿ ತನಗೆ ಸಿಕ್ಕರೆ ದಿನಾ ರಾತ್ರಿ ಮನೆಯಲ್ಲಿ ಬಿಸಿ ಮುದ್ದೆ ಉಂಡು ಮಲಗಬಹುದು ಎನ್ನುವುದು ಬಿಟ್ಟರೆ ನಿಂಗರಾಜನಿಗೆ ಬೇರೆ ಆಸೆ ಇರಲಿಲ್ಲ.

ಕೇಳಿದ್ದಕ್ಕೆ ಸಿದ್ದಮಲ್ಲಪ್ಪನವರು ಅಂದಿದ್ದರು: "ಡ್ರೈವರಿಗೆ ಕಣ್ಣು ಇರೋದು ದೊಡ್ಡದಲ್ಲ ಕಣ್ಲಾ, ಕಿವಿ ಇರ್ಬೇಕು. ಗಾಡಿ ಕೆಮ್ಮುದ್ರೆ ಯಾವ ಮೂಲೇಲಿ ಕೆಮ್ತು ಅಂತ ಗೊತ್ತಾಗ್ಬೇಕು. ಗುರುವಾರ ನಾನೂ ನಮ್ಮನೆಯೋಳೂ ಬೆಟ್ಟಕ್ಕೆ ಬತ್ತೀವಿ. ನಿನ್ ಕಿವಿ ನೋಡ್ತೀನಿ, ಆಮೇಲೆ ಮಾತು."

ಸಿದ್ದಮಲ್ಲಪ್ಪನವರ ಹೆಂಡತಿ ಶಿವರತ್ನಮ್ಮನವರಿಗೆ ದೇವರ ಪದ ಅಂದರೆ ಪ್ರಾಣ. ಅವರ ಮನಸ್ಸು ಗೆದ್ದರೆ ಅರ್ಧ ಗಾಡಿ ಗೆದ್ದಂಗೆ ಎಂದುಕೊಂಡು ನಿಂಗರಾಜು, ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಸದಾಶಿವಪ್ಪನ ಅಂಗಡಿಗೆ ಹೋಗಿ ದೇವರ ಪದದ ಎರಡು ಕ್ಯಾಸೆಟ್ಟು ಮಾಡಿಸಿದ್ದ. ಈಸಿಕೊಳ್ಳಲು ಹೋದಾಗ ಕರೆಂಟು ಹೋಗಿತ್ತು. ಸದಾಶಿವಪ್ಪ ಕತ್ತಲಲ್ಲಿ ತಡಕಾಡಿ ಕೈಗೆ ಸಿಕ್ಕ ಕವರನ್ನು ಕೊಟ್ಟು ಕಳಿಸಿದ.

ಬಸ್ಸು ಹೊರಟಿತು. ಕ್ಯಾಸೆಟ್ಟಿನಿಂದ ಸುಂಯ್ ಎನ್ನುವ ಉಸಿರು ಬಿಟ್ಟರೆ ಮತ್ತೇನೂ ಬರಲಿಲ್ಲ. ಆ ಟೇಪು ವಾರಕ್ಕೆ ನಾಲ್ಕು ದಿನ ಹಂಗೇ ಮುನಿಸಿಕೊಳ್ಳುತ್ತಿತ್ತು. ಹಾಳಾಗಿ ಹೋಗಲಿ ಎಂದು ನಿಂಗರಾಜು ಅದನ್ನು ಮರೆತ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದರೇನೋ, ಬಸ್ಸಿನ ಹಿಂದುಗಡೆಯಿಂದ ಮೆಲ್ಲಗೆ ಟಕ್, ಟಕ್ ಎಂದು ಸದ್ದು ಬಂತು. ನಿಂಗರಾಜನ ಕಿವಿ ಮೊಲದ ಕಿವಿಯ ಹಾಗೆ ನೆಟ್ಟಗಾಯಿತು. ಟಕ್ ಟಕ್ ಜೋರಾಯಿತು, ಜತೆಗೆ ಕರ್ರ್ ಎಂದು ಕಬ್ಬಿಣಕ್ಕೆ ಕಬ್ಬಿಣ ತೀಡುವ ಸದ್ದು ಸೇರಿಕೊಂಡಿತು. ಅವನು ಕನ್ನಡಿಯಲ್ಲಿ ಮಾಲೀಕರ ಮುಖ ನೋಡಿದ. ಮಾಲೀಕರು ಅವನ ಕಿವಿಯನ್ನೇ ನೋಡುತ್ತಿದ್ದರು. ಗಾಡಿ ಪಕ್ಕಕ್ಕೆ ಹಾಕಿ ಕೀ ತಿರುಗಿಸಿ ನಿಲ್ಲಿಸಿದ. ಸದ್ದೂ ನಿಂತಿತು.

"ಹಿಂದ್ಗಡೆ ಅಚ್ಚು ಯಜಮಾನ್ರೆ," ಎಂದು ಧೈರ್ಯವಾಗಿ ಹೇಳಿ ಇಳಿದು ಬಸ್ಸಿನ ಅಡಿಗೆ ನುಗ್ಗಿದ. ಅಲ್ಲಿ ಏನೂ ಇಲ್ಲ. ಮತ್ತೆ ಸ್ಟಾರ್ಟು ಮಾಡಿದ, ಸದ್ದು ಬಂತು. ಈ ಸಲ ನಿಂತಲ್ಲೇ ಎಂಜಿನ್ನು ಆರಿಸದೆ ಕಂಡಕ್ಟರ್ ಚಿಕ್ಕಸಿದ್ದಯ್ಯನನ್ನು ಅಡಿಗೆ ಕಳಿಸಿದ. ಚಿಕ್ಕಸಿದ್ದಯ್ಯ ಮೈಯೆಲ್ಲ ಧೂಳು ಮಾಡಿಕೊಂಡು ಎದ್ದು ಬಂದು ಅಂದ: "ಅಡೀಗ್ ಓದ್ರೆ ಇಲ್ಲ, ಒಳಕ್ ಬಂದ್ರೆ ಅದೆ. ಇದು ರೋಗ ಅಲ್ಲ ಕಣ್ಲಾ, ಗಾಳಿ ಮೆಟ್ಕಂಡದೆ."

ಟೇಪಿಗೆ ಸ್ಪೀಕರು ಮುಂದೊಂದು, ಹಿಂದೊಂದು. ಅದರ ವೈರನ್ನು ನಿಂಗರಾಜನೇ ಹಿಂದೊಂದು ದಿನ ಕೀಗೆ ಸೇರಿಸಿದ್ದ. ಕೀ ತಿರುಗಿಸಿದರೆ ಎಂಜಿನ್ನು, ಟೇಪು ಎರಡೂ ಏಳುತ್ತಿದ್ದವು, ಎರಡೂ ಮಲಗುತ್ತಿದ್ದವು. ಆ ಗಾಬರಿಯಲ್ಲಿ ಅದು ಅವನ ತಲೆಗೇ ಬರಲಿಲ್ಲ.

ಮಧುವನಹಳ್ಳಿ ಹತ್ತಿರ ಮತ್ತೆ ನಿಲ್ಲಿಸಿ ಗಾಲಿಯ ನಟ್ಟು ಬಿಗಿದ. ಹೊರಟ ಕೂಡಲೇ ಆ ಕಬ್ಬಿಣದ ಸದ್ದಿನೊಳಗಿಂದ ಒಬ್ಬ ಮನುಷ್ಯ ಪಿಸುಗುಟ್ಟಿದ. ಮುಂದಿನ ಸೀಟಿನಲ್ಲಿದ್ದ ಶಿವರತ್ನಮ್ಮನವರು ಬೆಚ್ಚಿ ಸೆರಗು ಬಿಗಿ ಹಿಡಿದರು.

"ಅಯ್ಯೋ ಶಿವನೇ! ಗೇರ್‌ಬಾಕ್ಸ್ ಒಳ್ಗೆ ಯಾರೋ ಅವ್ರೆ!"

"ನಿಂಗ್ರಾಜ," ಎಂದರು ಸಿದ್ದಮಲ್ಲಪ್ಪನವರು, "ಇನ್ನೊಂದ್ ಸಲ ಸುಮ್‌ಸುಮ್ಕೆ ನಿಲ್ಸುದ್ರೆ, ಗಾಡಿ ನಿಲ್ಲುಸ್ಬುಟ್ಟು ನೀನು ನಡ್ಕಂಡ್ ಓಗು."

ಮಧುವನಹಳ್ಳಿಯಲ್ಲಿ ಹತ್ತಿದ ಮಹದೇವಪ್ರಸಾದ್ ಎಂಬ ಹುಡುಗ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವವನು, ಆಗ ನುಗ್ಗಿಕೊಂಡು ಮುಂದಕ್ಕೆ ಬಂದ. "ಅಣ್ಣ, ಇದು ನಂದು! ನನ್ನ ಕ್ಯಾಸೆಟ್ಟು! ಸದಾಶಿವಪ್ಪನ ಅಂಗಡೀಲಿ ಕಾಪಿ ಮಾಡಕ್ಕೆ ಕೊಟ್ಟಿದ್ದೆ. ನಂಗೆ ದೇವರ ಪದ ಕೊಟ್ಟವ್ರೆ. ನಮ್ಮಜ್ಜಿ ನಿನ್ನೆಯಿಂದ ಅದಕ್ಕೆ ಮಂಗಳಾರತಿ ಎತ್ತುತ್ತಾ ಅದೆ!"

ನಿಂಗರಾಜನಿಗೆ ಹೋದ ಉಸಿರು ಬಂತು. ಕೆಟ್ಟದ್ದು ಗಾಡಿಯಲ್ಲ. ಆದರೆ ಕಿವಿಯ ಪರೀಕ್ಷೆಯಲ್ಲಿ ತಾನು ಹಾಡಿಗೂ ಗಾಡಿಗೂ ವ್ಯತ್ಯಾಸ ತಿಳಿಯದವನಾಗಿದ್ದ. ನಾಚಿಕೆಯಿಂದ ಕೈ ಚಾಚಿ ಟೇಪು ಆರಿಸಲು ಹೋದ.

"ಏ, ಬ್ಯಾಡ ಇರಣ್ಣ!" ಎಂದು ಹಿಂದಿನಿಂದ ಒಂದು ಹೆಣ್ಣುದನಿ ಬಂತು. ಚೆಲುವಮ್ಮ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ, ಹನೂರಿಗೆ ತವರುಮನೆಗೆ ಹೊರಟಿದ್ದಳು. "ದಿನಾ ರಾಟೆ ಸದ್ದು ಕೇಳಿ ಕೇಳಿ, ಮನೇಗ್ ಓದ್ರೂ ಕಿವೀಲಿ ತಿರುಗ್ತಾನೇ ಇರ್ತದೆ. ಅದನ್ನ ಇಲ್ಲೀಗಂಟ ಯಾರೂ ಪದ ಅಂದಿರ್ಲಿಲ್ಲ. ಇವ್ನು ಯಾರೋ ಪುಣ್ಯಾತ್ಮ ಅಂದವ್ನೆ. ಓಡ್ಲಿ ಬುಡು."

"ರಾಟೆ ಎಲ್ಲಿ ಬಂತಮ್ಮ?" ಎಂದು ಎದ್ದವನು ದೊಡ್ಡಮಾದಪ್ಪ, ಹನೂರಿನಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು. "ತಗಡ್ ತಗಡ್ ಅಂತದಲ್ಲ, ಅದು ಬೆಲ್ಟು ಜಾರೋದು. ರಾಗಿ ವಸಿ ಹಸಿ ಇದ್ರೆ ಹಿಂಗೇಯ. ಈ ಅಯ್ಯ ಮಿಲ್ಲು ನಡ್ಸಿರೋನೇ. ಇಲ್ದಿದ್ರೆ ಇಷ್ಟು ಕರೆಕ್ಟಾಗಿ ಹೇಳಕ್ಕಾಗಲ್ಲ."

"ಮಿಲ್ಲಲ್ಲಿ ಬೆಲ್ಟು ಎಲ್ಲಾದ್ರೂ ಹಿಂಗ್ ತಾಳಕ್ ಸರ್ಯಾಗಿ ಜಾರ್ತದಾ? ರಾಟೆನೇ."

"ನಿನ್ ರಾಟೆಗೆ ಈ ಗಂಟಲಿಲ್ಲ ಸುಮ್ಕಿರು."

ಮಹದೇವಪ್ರಸಾದನ ಕಣ್ಣು ಅರಳಿತು. ಹಾಸ್ಟೆಲಿನಲ್ಲಿ ಇದನ್ನು ಹಾಕಿದಾಗ ಜತೆಯವರು ಬೈದು ಚಾಪೆ ಎತ್ತಿಕೊಂಡು ಹೋಗಿದ್ದರು. ಇಲ್ಲಿ ಅವರೆಕಾಯಿ ಮೂಟೆ ಮೇಲೆ ಕೂತವರು ತಲೆದೂಗುತ್ತಿದ್ದಾರೆ. ಅವನು ಬಿಡಿಸಿ ಹೇಳಿದ: "ಇದಕ್ಕೆ ಇಂಡಸ್ಟ್ರಿಯಲ್ ರಾಕ್ ಅಂತಾರೆ. ಫ್ಯಾಕ್ಟರಿ ಸದ್ದೆಲ್ಲ ಸೇರಿಸಿ ಕಟ್ಟೋದು. ಇದು ಒಂದಲ್ಲ, ಎರಡು ಕ್ಯಾಸೆಟ್ಟು ಸೇರಿ ಒಂದೇ. ಮಾಡಕ್ಕೆ ವರ್ಷಗಟ್ಟಲೆ ಹಿಡೀತಂತೆ."

"ರಾಕ್ ಅಂದ್ರೆ ಬಂಡೆ ಅಲ್ವಾ?" ಎಂದರು ಸಿದ್ದಮಲ್ಲಪ್ಪನವರು. "ಅದ್ಕೇಯ ಈ ಪಾಟಿ ಕುಟ್ತಾವ್ರೆ. ನನ್ ಗಾಡಿ ಉದುರೋ ಸದ್ದು ಕೇಳಕ್ಕೆ ಕ್ಯಾಸೆಟ್ ಯಾಕ್ಲಾ ಬೇಕು? ಗಾಡಿನೇ ಸಾಲ್ದಾ?"

ಬಸ್ಸೆಲ್ಲ ನಕ್ಕಿತು. ಆದರೆ ಅದೇ ಹೊತ್ತಿಗೆ ಕುಟ್ಟಾಣಿ ಸದ್ದೆಲ್ಲ ಒಂದೊಂದಾಗಿ ಹಿಂದೆ ಸರಿದು, ಪಿಯಾನೋ ಒಂದೇ ಉಳಿಯಿತು. ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹಾಗೆ ಒಂದೊಂದೇ ಸ್ವರ. ಹಾಡುವವನು ಕಿರುಚುವುದು ಬಿಟ್ಟು, ತನಗೆ ತಾನೇ ಹೇಳಿಕೊಳ್ಳುವಂತೆ ಏನೋ ಹೇಳಿದ. ನಕ್ಕವರ ಬಾಯಿ ಹಾಗೇ ಮುಚ್ಚಿಕೊಂಡಿತು.

"ಪಾವಂ," ಎಂದಳು ಮಾರ್ಟಳ್ಳಿಯ ಒಬ್ಬ ಹೆಂಗಸು ತಮಿಳಿನಲ್ಲಿ.

ಶಿವರತ್ನಮ್ಮನವರು ಕಣ್ಣೊರೆಸಿಕೊಂಡರು. "ಪಾಪ ಅಂತ ನಾನೂ ಅದ್ನೇ ಅಂದ್ಕಂಡೆ ಕಣವ್ವ. ಈ ಮಗೀಗೆ ಅವ್ವ ಇಲ್ಲ. ಇದ್ದಿದ್ರೆ ಇಷ್ಟೊಂದು ಕಬ್ಬಿಣ ಯಾಕ್ ಕುಟ್ತಿದ್ದ?"

ಅದಾದ ಮೇಲೆ ಸಿದ್ದಮಲ್ಲಪ್ಪನವರೂ ತಮಾಷೆ ಮಾಡಲಿಲ್ಲ. ಹನೂರು ಬಂತು. ಚೆಲುವಮ್ಮ ಅರ್ಧ ಪದಕ್ಕೆ ಇಳಿಯಬೇಕಲ್ಲ ಎಂದು ಗೊಣಗುತ್ತಾ ಇಳಿದಳು. ದೊಡ್ಡಮಾದಪ್ಪ ಇಳಿಯಲೇ ಇಲ್ಲ. "ಮಿಲ್ಲು ಎಲ್ಲಿಗೂ ಓಡಿ ಓಗಲ್ಲ, ನಾನೂ ಬೆಟ್ಟಕ್ಕೇ ಬತ್ತೀನಿ," ಎಂದು ಮುಂದಕ್ಕೆ ಟಿಕೆಟ್ಟು ತೆಗೆಸಿಕೊಂಡ.

ಟಿಕೆಟ್ಟು ಹರಿದ ಚಿಕ್ಕಸಿದ್ದಯ್ಯ ಒಬ್ಬನೇ ಒಂದು ಕೊಂಕು ತೆಗೆದ. "ಎಲ್ಲಾ ಸರಿ ಕಣ್ರಿ, ಉದ್ದ ಜಾಸ್ತಿ ಆಯ್ತು. ಒಂದೇ ಕ್ಯಾಸೆಟ್ಟಿಗೆ ಒಪ್ಪವಾಗಿ ಮುಗಿಸ್ಬೋದಿತ್ತು."

ಇಡೀ ಬಸ್ಸು ಅವನ ಮೇಲೆ ಬಿತ್ತು. "ಕಂಸಾಳೆಯೋರು ಬೆಳಗಾಗೋಗಂಟ ಕತೆ ಮಾಡ್ತಾರೆ, ಉದ್ದ ಆಯ್ತು ಅಂತ ಅರ್ಧಕ್ಕೆ ಎದ್ದೋಯ್ತೀಯಾ?" ಎಂದ ದೊಡ್ಡಮಾದಪ್ಪ. "ದುಃಖ ದೊಡ್ಡದಿದ್ರೆ ಒಂದು ಕ್ಯಾಸೆಟ್ಟು ಸಾಕಾಯ್ತದಾ?" ಎಂದರು ಶಿವರತ್ನಮ್ಮನವರು. ಚಿಕ್ಕಸಿದ್ದಯ್ಯ ಬಾಯಿಗೆ ವಿಷಲ್ ಇಟ್ಟುಕೊಂಡು ಹಿಂದಿನ ಬಾಗಿಲಿಗೆ ಹೋದ.

ನಿಂಗರಾಜನಿಗೂ ಈಗ ಆ ಸದ್ದು ಹಿಡಿಸತೊಡಗಿತ್ತು. ಅದು ಅವನ ದಿನದ ಸದ್ದೇ, ಬ್ರೇಕು, ಗೇರು, ಸೀಟು, ಕಿಟಕಿ. ಇಷ್ಟು ವರ್ಷ ಇವುಗಳ ಮಧ್ಯೆ ಕೂತಿದ್ದರೂ ಇವು ಇಷ್ಟು ಚೆಂದ ಎಂದು ಅವನಿಗೆ ಗೊತ್ತಿರಲಿಲ್ಲ. ಕೌದಳ್ಳಿಯಲ್ಲಿ ಮಾರ್ಟಳ್ಳಿಯವರು ಇಳಿದರು. ಮೊದಲನೇ ಕ್ಯಾಸೆಟ್ಟಿನ ಎರಡೂ ಬದಿ ಮುಗಿದವು. ಮುಂದೆ ಬರೀ ತಿರುವು. ಸ್ಟೇರಿಂಗಿನಿಂದ ಕೈ ತೆಗೆಯುವ ಹಾಗಿಲ್ಲ.

"ಅವ್ವಾರೆ, ಆ ಗುಂಡಿ ಒತ್ತಿ, ಅದನ್ನ ತಗುದು, ಇನ್ನೊಂದ ಹಾಕ್ಬುಡಿ," ಎಂದ.

ಶಿವರತ್ನಮ್ಮನವರು ಗುಂಡಿ ಒತ್ತಿದರು. ಗಾಡಿ ಬೆಟ್ಟಕ್ಕೆ ಮುಖ ಕೊಟ್ಟು ಏರತೊಡಗಿತು.

ಸ್ವಲ್ಪ ಹೊತ್ತಿಗೆ ಶುರುವಾಯಿತು ನೋಡಿ. ಮೊದಲು ತಳದಿಂದ ಕಟ್ ಕಟ್ ಎಂದು ಸಣ್ಣಗೆ, ಬಾಗಿಲ ಆಚೆ ನಿಂತ ನೆಂಟರು ಚಿಲಕ ಅಲ್ಲಾಡಿಸಿದ ಹಾಗೆ. ತಿರುವಿಗೊಂದು ಸಲ ಏರುತ್ತಾ, ಇಳಿಯುತ್ತಾ. ಆಮೇಲೆ ಅದಕ್ಕೆ ಗುಂಯ್ ಎನ್ನುವ ಶ್ರುತಿ. ಮೊದಲನೇ ಕ್ಯಾಸೆಟ್ಟಿನಲ್ಲಿ ಸದ್ದು ಕಿವಿಗೆ ಬರುತ್ತಿತ್ತು, ಇದು ಸೀಟಿನ ಮೂಲಕ ನೇರ ಬೆನ್ನುಮೂಳೆಗೇ ಬರುತ್ತಿತ್ತು.

"ಇದು! ಇದು ಕಣ್ಲಾ!" ಸಿದ್ದಮಲ್ಲಪ್ಪನವರು ಮುಂದಿನ ಸೀಟಿನ ಕಂಬಿಗೆ ತಾಳ ಹಾಕತೊಡಗಿದರು. "ಅದು ಬರೀ ಪೀಠಿಕೆ. ಇಲ್ಲಿ ಅವ್ನೆ ನೋಡು ಮನ್ಸ!"

"ಎದೆ ನಡುಗ್ತದೆ ಯಜಮಾನ್ರೆ," ಎಂದ ದೊಡ್ಡಮಾದಪ್ಪ. "ನನ್ ಮಿಲ್ಲು ಮುರಿದು ಬಿದ್ದಾಗ್ಲೂ ಇಷ್ಟು ಚೆಂದಾಗಿ ಮುರೀಲಿಲ್ಲ."

ಮಹದೇವಪ್ರಸಾದ್ ಹುಬ್ಬು ಗಂಟಿಕ್ಕಿದ. ಈ ಭಾಗ ಅವನಿಗೆ ನೆನಪಿಗೆ ಬರುತ್ತಿರಲಿಲ್ಲ. ಆದರೆ ಇಷ್ಟೊತ್ತು ಎಲ್ಲರಿಗೂ ಪಾಠ ಹೇಳಿದವನು ಈಗ ಗೊತ್ತಿಲ್ಲ ಅನ್ನುವುದು ಹೇಗೆ? "ಇದು... ಇದು ಬಚ್ಚಿಟ್ಟಿರೋ ಹಾಡು," ಎಂದ. "ಕವರ್ ಮೇಲೆ ಹೆಸರು ಹಾಕಿರಲ್ಲ. ಪುಣ್ಯ ಇದ್ದೋರಿಗೆ ಮಾತ್ರ ಸಿಗೋದು."

ನಿಂಗರಾಜನ ಬಲಗಾಲಿಗೆ ಏನೋ ಅನುಮಾನ ಬಂತು. ಪೆಡಲು ಸಣ್ಣಗೆ ನಡುಗುತ್ತಿತ್ತು. ಹಾಡಿನ ಜೋರಿಗೆ ಇರಬೇಕು ಎಂದು ತಲೆ ಹೇಳಿತು. ಅಲ್ಲ ಎಂದು ಕಾಲು ಹೇಳಿತು. ನಿಲ್ಲಿಸಿ ನೋಡೋಣ ಎಂದುಕೊಂಡ. ಕನ್ನಡಿಯಲ್ಲಿ ಮಾಲೀಕರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಇನ್ನೊಂದು ಸಲ ನಿಲ್ಲಿಸಿದರೆ ನಡೆದು ಹೋಗು ಎಂದದ್ದು ನೆನಪಾಯಿತು, ಯಳಂದೂರಿನ ಬಿಸಿ ಮುದ್ದೆ ನೆನಪಾಯಿತು. ಕಾಲನ್ನು ಗದರಿಸಿ ಪೆಡಲು ಒತ್ತಿದ.

ಕಟಕಟಕಟ ಎಂದು ತಾಳ ದುಪ್ಪಟ್ಟಾಯಿತು. ಇಡೀ ಬಸ್ಸು ಚಪ್ಪಾಳೆ ಹಾಕುತ್ತಾ ಜತೆಗೆ ಓಡಿತು. ತಿರುವಿನ ನೆತ್ತಿಯಲ್ಲಿ ಢಮಾರ್ ಎಂದು ಒಂದೇ ಒಂದು ಸಲ, ಕಾಡೆಲ್ಲ ಕೇಳುವ ಹಾಗೆ ಹೊಡೆದು, ಎಲ್ಲವೂ ಒಟ್ಟಿಗೆ ನಿಂತುಹೋಯಿತು.

ಸಿದ್ದಮಲ್ಲಪ್ಪನವರು ನಾಟಕದ ಮುಂದಿನ ಸಾಲಿನಲ್ಲಿ ಕೂತವರಂತೆ ಎದ್ದು ನಿಂತು ಕೂಗಿದರು: "ಒನ್ಸ್‌ಮೋರ್! ಒನ್ಸ್‌ಮೋರ್ ಕಣ್ಲಾ ನಿಂಗ್ರಾಜ!"

ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ನಿಂಗರಾಜು ಬ್ರೇಕಿನ ಮೇಲೆ ನಿಂತ. ಚಿಕ್ಕಸಿದ್ದಯ್ಯ ಹಾರಿ ಗಾಲಿಗೆ ಕಲ್ಲು ಕೊಟ್ಟ.

"ನಿಂಗ್ರಾಜು," ಎಂದು ಶಿವರತ್ನಮ್ಮನವರು ಮೆತ್ತಗೆ ಕೇಳಿದರು, "ಈಗ ಇದ ಹಾಕ್ಲಾಪ್ಪ?"

ಅವರ ಮಡಿಲಲ್ಲಿ ಎರಡೂ ಕ್ಯಾಸೆಟ್ಟು ಇದ್ದವು.

"ಮೊದಲ್ನೇದ ತಗುದೆ. ಇನ್ನೊಂದ ಹಾಕನ ಅನ್ನೋವಷ್ಟ್ರಲ್ಲಿ ಪದ ತಾನಾಗೇ ಬಂತು. ಒಳ್ಗೆ ವಸಿ ಉಳ್ಕಂಡಿತ್ತೇನೋ, ಅದು ಮುಗೀಲಿ ಅಂತ ಸುಮ್ಕಿದ್ದೆ."

ಎಲ್ಲರೂ ಟೇಪಿನ ಖಾಲಿ ಬಾಯಿ ನೋಡಿದರು. ಇಳಿದು ನೋಡಿದರೆ ಎಂಜಿನ್ನಿನ ಹೊಟ್ಟೆ ಒಡೆದು ರಾಡು ಆಚೆಗೆ ಬಂದು ಆಕಾಶ ನೋಡುತ್ತಿತ್ತು. ಉಳಿದ ಎಣ್ಣೆ ಇಳಿಜಾರಿನಲ್ಲಿ ಹನೂರಿನ ಕಡೆಗೆ ಹೊರಟಿತ್ತು.

ಸಿದ್ದಮಲ್ಲಪ್ಪನವರು ರಸ್ತೆ ಪಕ್ಕದ ಮೋಟುಗೋಡೆಯ ಮೇಲೆ ಕೂತರು. ನಿಂಗರಾಜು ಕೈ ಕಟ್ಟಿ ನಿಂತ. ಅವರು ಅಂದರು: "ಯಾನ ಅಂತ ಬೈಯ್ಯನ್ಲಾ ನಿಂಗೆ? ಒನ್ಸ್‌ಮೋರ್ ಅಂದೋನು ನಾನು."

ನಿಂಗರಾಜನಿಗೆ ಯಳಂದೂರಿನ ದೀಪ ಕಂಡ ಹಾಗಾಯಿತು. "ಅಂಗಾದ್ರೆ ಹೊಸಾ ಗಾಡಿ ಯಜಮಾನ್ರೆ..."

"ನಿಂಗೆ ಕಿವಿ ಇಲ್ಲ ಅನ್ನಕ್ಕಾಗಲ್ಲ. ಭಾಳ ಅದೆ, ನನ್ನಂಗೇಯ. ಅದೇ ತೊಂದ್ರೆ ಕಣ್ಲಾ. ಹೊಸಾ ಗಾಡಿಗೆ ಪದ ಕೇಳೋ ಕಿವಿ ಬ್ಯಾಡ."

ಶುಕ್ರವಾರ ಲಾರಿಗೆ ಹಗ್ಗ ಕಟ್ಟಿ ಬಸ್ಸನ್ನು ಶೆಡ್ಡಿಗೆ ಎಳೆದು ತಂದರು. ಎಂಜಿನ್ನು ಕಟ್ಟುವವರೆಗೆ ನಿಂಗರಾಜನಿಗೆ ಮಾಲೀಕರ ಮನೆಯ ನಡುಮನೆಯಲ್ಲಿ ಕೆಲಸ. ಶಿವರತ್ನಮ್ಮನವರೂ ಕೇರಿಯ ಹೆಂಗಸರೂ ಅವರೆಕಾಯಿ ಬಿಡಿಸುತ್ತಾ ಕೂತರೆ, ಅವನು ಟೇಪಿನ ಪಕ್ಕ ಕೂತು ಕ್ಯಾಸೆಟ್ಟು ತಿರುಗಿಸಿ ತಿರುಗಿಸಿ ಹಾಕಬೇಕು. ಎರಡನೆಯದು ಮೊದಲನೆಯದಕ್ಕಿಂತ ವಾಸಿ ಎಂದು ಎಲ್ಲರೂ ಒಪ್ಪಿದರು. ಆದರೆ ಬೆಟ್ಟದ ದಾರಿಯ ಆ ಪದದ ಮಟ್ಟಕ್ಕೆ ಯಾವುದೂ ಬರುವುದಿಲ್ಲ ಎಂದು ಶಿವರತ್ನಮ್ಮನವರು ನಿಟ್ಟುಸಿರು ಬಿಟ್ಟರು.

ಮಹದೇವಪ್ರಸಾದ್ ಕ್ಯಾಸೆಟ್ಟು ವಾಪಸ್ ಕೇಳಲು ಬಂದವನು, ಆ ಹೆಂಗಸರು ಪಿಯಾನೋ ಬಂದಾಗ ಕಾಯಿ ಬಿಡಿಸುವ ಕೈ ನಿಲ್ಲಿಸಿದ್ದನ್ನು ನೋಡಿ, ಕೇಳದೆ ಭಾನುವಾರ ಮೈಸೂರಿಗೆ ಹೊರಟುಹೋದ. ಸೋಮವಾರ ಬೆಳಗ್ಗೆ ಹೊಸ ಗಾಡಿ ಹೂವಿನ ಹಾರ ಹಾಕಿಕೊಂಡು ಯಳಂದೂರಿಗೆ ಹೊರಟಿತು. ಅದನ್ನು ಓಡಿಸಿಕೊಂಡು ಹೋದವನು ಶೆಡ್ಡಿನ ಇನ್ನೊಬ್ಬ ಡ್ರೈವರ್ ನಂಜಯ್ಯ. ತಾನೇ ಒತ್ತಿದ ಹಾರ್ನ್ ಸದ್ದು ಮಾಡಿತೋ ಇಲ್ಲವೋ ಎಂದು ಕಂಡಕ್ಟರನ್ನು ಕೂಗಿ ಕೇಳುವಷ್ಟು ಅವನಿಗೆ ಕಿವಿ ಮಂದ.